ಜಿಂಕೆಗೆಂದು ಯಾರೂ ಹುಲ್ಲು ಬಿಡಲಿಲ್ಲ: ತುಮಕೂರು ಸೀಮೆಯ ಕಾವಲುಗಳ ಕಥೆ

ತುಮಕೂರು ಜಿಲ್ಲೆಯ ಭೂದಾಖಲೆಗಳನ್ನು ತಿರುವಿದರೆ ‘ಕಾವಲು’ ಎಂದು ಮುಗಿಯುವ ಹೆಸರುಗಳು ಮತ್ತೆ ಮತ್ತೆ ಸಿಗುತ್ತವೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲು ಅಂಥದ್ದೊಂದು. ಆ ಹೆಸರು ಹೇಳಿದರೆ ಇಂದು ಎಲ್ಲರಿಗೂ ನೆನಪಾಗುವುದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ. 615 ಎಕರೆಯ ಈ ಕಾರ್ಖಾನೆಗೆ 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಯಿತು, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಕಾವಲು ಎಂದರೇನು, ಯಾರು ಕಾಯುತ್ತಿದ್ದರು, ಏನನ್ನು ಕಾಯುತ್ತಿದ್ದರು ಎಂದು ಕೇಳಿದರೆ ನಮ್ಮ ವಯಸ್ಸಿನ ಹೆಚ್ಚಿನವರಿಗೆ ಉತ್ತರ ಗೊತ್ತಿಲ್ಲ. ಆ ಉತ್ತರದೊಳಗೆ ನಮ್ಮ ಜಿಲ್ಲೆಯ ಜಿಂಕೆಗಳ ಚರಿತ್ರೆಯೂ ಇದೆ.

ಅಮೆರಿಕದಲ್ಲಿ ಜಿಂಕೆ ಬೇಟೆಯ ಹವ್ಯಾಸವಿರುವವರು ತಮ್ಮ ಜಮೀನಿನಲ್ಲೇ ಜಿಂಕೆಗೆಂದು ಮೇವಿನ ಬೆಳೆ ಹಾಕುತ್ತಾರೆ. ಮೇವಿಗೆ ಜಿಂಕೆ ಬರುತ್ತದೆ, ಬೇಟೆಯ ಋತುವಿನಲ್ಲಿ ಪರವಾನಗಿ ಪಡೆದು ಹೊಡೆಯುತ್ತಾರೆ. ಇಂಗ್ಲೆಂಡಿನ ರಾಜರು, ಜಮೀನ್ದಾರರು ಜಿಂಕೆಗೆಂದೇ ಬೇಲಿ ಹಾಕಿದ ಉದ್ಯಾನಗಳನ್ನು ಶತಮಾನಗಳ ಕಾಲ ಇಟ್ಟುಕೊಂಡಿದ್ದರು. ನಮ್ಮ ಬಯಲುಸೀಮೆಯಲ್ಲೂ ದೊರೆಗಳು ಬೇಟೆಯಾಡಿದರು. ಆದರೆ ಇಲ್ಲಿ ಜಿಂಕೆಯನ್ನು ಉಳಿಸಿದ ಹುಲ್ಲು ಜಿಂಕೆಗೆಂದು ಬಿಟ್ಟದ್ದಲ್ಲ, ಎತ್ತಿಗೆಂದು ಬಿಟ್ಟದ್ದು.

17ನೇ ಶತಮಾನದ ಕೊನೆಯ ಹೊತ್ತಿಗೆ ಮೈಸೂರಿನ ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ನಡೆಸುತ್ತಿದ್ದರು. ಅರಮನೆಗೆ ಹಾಲು ಬೆಣ್ಣೆ ಒದಗಿಸುವುದು, ರಾಸುಗಳ ಸಂತತಿ ಬೆಳೆಸುವುದು ಅದರ ಕೆಲಸ. ಹೈದರಾಲಿ ಇದನ್ನು ಸೈನ್ಯದ ಸಾಗಣೆಗೆ ಬಳಸಿದ. ಟಿಪ್ಪು ಅದಕ್ಕೆ ‘ಅಮೃತಮಹಲ್’ ಎಂದು ಹೆಸರಿಟ್ಟ. ಫಿರಂಗಿ ಎಳೆಯಲು, ಸಾಮಾನು ಹೊರಲು ಈ ತಳಿಯ ಎತ್ತುಗಳಿಗೆ ಸಾಟಿಯಿರಲಿಲ್ಲ. ಅವುಗಳ ಬಲದಿಂದಲೇ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಂ ತಲುಪಿತೆಂದು ಹಳೆಯ ಬರಹಗಳು ಹೇಳುತ್ತವೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರೂ ಈ ರಾಸುಗಳನ್ನು ಬಿಡಲಿಲ್ಲ. 1860ರಲ್ಲಿ ಖರ್ಚು ಉಳಿಸಲೆಂದು ಹಿಂಡನ್ನು ಮಾರಿದರು. ಕೆಲವೇ ವರ್ಷಗಳಲ್ಲಿ ಒಳ್ಳೆಯ ಎತ್ತು ಸಿಗದೆ ಮತ್ತೆ ಹಿಂಡು ಕಟ್ಟಿದರು.

ಈ ಹಿಂಡುಗಳಿಗೆ ಮೇವು ಒದಗಿಸಲು ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಇಂದಿನ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾಸನ, ಚಿಕ್ಕಮಗಳೂರು, ಮಂಡ್ಯ ಜಿಲ್ಲೆಗಳಲ್ಲಿ ಇವು ಹರಡಿದ್ದವು. ಒಂದು ಕಾಲಕ್ಕೆ ಒಟ್ಟು ವಿಸ್ತೀರ್ಣ ನಾಲ್ಕು ಲಕ್ಷ ಎಕರೆಗೂ ಮೇಲಿತ್ತು. ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ಮೂರು ಬಗೆ. ಬೇಸಿಗೆ ಕಾವಲುಗಳಿಗೆ ಹೆಚ್ಚು ಬೆಲೆ, ಯಾಕೆಂದರೆ ಅಲ್ಲಿ ನೀರು, ನೆರಳು ಇರಬೇಕು. ಕೆರೆ ಬತ್ತುತ್ತಾ ಹೋದಂತೆ ಅಂಗಳದಲ್ಲಿ ಚಿಗುರುವ ಹುಲ್ಲೂ, ಜಾಲಿ ಮರದ ಕಾಯಿಯೂ ಆ ತಿಂಗಳುಗಳ ಮೇವು. ದನ ಒಂದು ಕಾವಲಿನಿಂದ ಇನ್ನೊಂದಕ್ಕೆ ಹೋದಾಗ ಬಿಟ್ಟುಹೋದ ನೆಲಕ್ಕೆ ವಿರಾಮ ಸಿಗುತ್ತಿತ್ತು, ಹುಲ್ಲು ಮತ್ತೆ ಏಳುತ್ತಿತ್ತು.

ಇಂಥ ನೆಲವೇ ಕೃಷ್ಣಮೃಗಕ್ಕೆ ಬೇಕಾದದ್ದು. ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಕೃಷ್ಣಮೃಗ ಜಿಂಕೆಯ ಕುಲಕ್ಕೆ ಸೇರಿದ್ದಲ್ಲ. ಜಿಂಕೆಯ ಕವಲುಗೊಂಬು ವರ್ಷವರ್ಷ ಉದುರುತ್ತದೆ, ಕೃಷ್ಣಮೃಗದ ತಿರುಚಿದ ಕೊಂಬು ಸಾಯುವ ತನಕ ಇರುತ್ತದೆ. ಆದರೆ ನಮ್ಮ ಕಡೆ ಜನ ಎರಡನ್ನೂ ಜಿಂಕೆ ಎಂದೇ ಕರೆಯುತ್ತಾರೆ. ಅದಕ್ಕೆ ಗಿಡ್ಡ ಹುಲ್ಲು ಬೇಕು, ದೂರದವರೆಗೆ ಕಣ್ಣು ಹಾಯುವ ಬಯಲು ಬೇಕು. ಅದರ ರಕ್ಷಣೆ ಅದರ ಕಣ್ಣು ಮತ್ತು ಓಟದಲ್ಲಿದೆ. ಮರ ಒತ್ತಾಗಿ ಬೆಳೆದ ಕಡೆ ಅದು ನಿಲ್ಲುವುದಿಲ್ಲ.

ಕೃಷ್ಣಮೃಗವಿದ್ದಲ್ಲಿ ಬೇಟೆಯೂ ಇತ್ತು. ಟಿಪ್ಪುವಿನ ಬಳಿ ಜಿಂಕೆ ಹಿಡಿಯಲು ಪಳಗಿಸಿದ ಚೀತಾಗಳಿದ್ದವು. ಹಳೆಯ ಕನ್ನಡದಲ್ಲಿ ಆ ಪ್ರಾಣಿಗೆ ಸಿವಂಗಿ ಎಂಬ ಹೆಸರಿದೆ. ಬ್ರಿಟಿಷ್ ಅಧಿಕಾರಿಗಳು ಬಂದೂಕು ಹಿಡಿದು ಬಯಲಿಗಿಳಿದರು. ಊರಿನವರು ಬಲೆ, ಉರುಳು, ನಾಯಿಗಳನ್ನು ನಂಬಿದ್ದರು. ಯುಗಾದಿಯ ಬೇಟೆ, ಹೊಸತೊಡಕಿನ ಬಾಡೂಟ ನಮ್ಮ ಹಿರಿಯರ ನೆನಪಿನಲ್ಲಿ ಈಗಲೂ ಇವೆ. 1901ರಲ್ಲಿ ಮೈಸೂರು ಸಂಸ್ಥಾನ ಬೇಟೆ ಪ್ರಾಣಿ ಮತ್ತು ಮೀನುಗಳ ರಕ್ಷಣೆಗೆ ಕಾಯಿದೆ ತಂದಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಕೃಷ್ಣಮೃಗವನ್ನು ಮೊದಲನೆಯ ಅನುಸೂಚಿಗೆ ಸೇರಿಸಿತು. ಅಲ್ಲಿಗೆ ಬೇಟೆಯ ಬಾಗಿಲು ಕಾನೂನಿನಲ್ಲಿ ಮುಚ್ಚಿತು.

ಆದರೆ ಬಂದೂಕನ್ನು ತಡೆದ ಕಾನೂನಿಗೆ ಹುಲ್ಲನ್ನು ಉಳಿಸಲು ಆಗಲಿಲ್ಲ. 1920ರ ದಶಕದಲ್ಲಿ ಅಮೃತಮಹಲ್ ಸೈನ್ಯದ ಕೈಯಿಂದ ಕೃಷಿ ಇಲಾಖೆಗೆ ಬಂತು. ಸೈನ್ಯಕ್ಕೆ ಎತ್ತು ಬೇಡವಾದ ಮೇಲೆ ಕಾವಲು ಸರ್ಕಾರದ ಕಣ್ಣಿಗೆ ‘ಖಾಲಿ ಜಾಗ’ವಾಗಿ ಕಾಣತೊಡಗಿತು. ಹೆಚ್ಚು ಆಹಾರ ಬೆಳೆಯಿರಿ ಎಂಬ ಕರೆ ಬಂದಾಗ ಸಾಗುವಳಿಗೆ ಒಂದಷ್ಟು ಹೋಯಿತು. ಭೂಮಿಯಿಲ್ಲದವರು ಬಗರ್‌ಹುಕುಂ ಉಳುಮೆ ಮಾಡಿದರು. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಬಯಲುಸೀಮೆಯ ತುಂಬ ನೀಲಗಿರಿ ಎದ್ದಿತು. ಹಸಿರು ಹೆಚ್ಚಾಯಿತೆಂದು ಲೆಕ್ಕ ಬರೆದರು. ಬಯಲಿನ ಪ್ರಾಣಿಗೆ ಅದು ಗೋಡೆ ಎಬ್ಬಿಸಿದಂತಾಯಿತು. ಹೇಮಾವತಿ ನಾಲೆ ಬಂದ ಮೇಲೆ ಗುಬ್ಬಿ, ಕುಣಿಗಲ್ ಕಡೆ ತೆಂಗು, ಅಡಿಕೆ ತೋಟಗಳು ಹಬ್ಬಿದವು. ರೈತನಿಗೆ ನೀರು ಬೇಕಿತ್ತು, ಅದರಲ್ಲಿ ತಪ್ಪು ಹುಡುಕುವುದು ನಮ್ಮ ಉದ್ದೇಶವಲ್ಲ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ ಸುಮಾರು 10,000 ಎಕರೆ ಕಾವಲು ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಹೋಯಿತು. ಕುರಿ ದನ ಮೇಯಿಸುವವರು ಬೇಲಿಯ ಹೊರಗೆ ನಿಂತರು, ಮೊಕದ್ದಮೆ ಹಸಿರು ನ್ಯಾಯಮಂಡಳಿಯವರೆಗೆ ನಡೆಯಿತು.

ಕುಣಿಗಲ್‌ನಲ್ಲಿ ಇದೇ ಕಥೆಗೆ ಇನ್ನೊಂದು ಮುಖವಿದೆ. ಪಟ್ಟಣದ ಪಕ್ಕದಲ್ಲಿರುವ ಸ್ಟಡ್ ಫಾರ್ಮ್ ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಬೆಳೆಸಿದ ಜಾಗ. ನಾನೂರು ಎಕರೆಗೂ ಹೆಚ್ಚಿನ ಹುಲ್ಲು, ಮರ ಇಷ್ಟು ವರ್ಷ ಉಳಿದದ್ದು ಕುದುರೆಯ ದೆಸೆಯಿಂದ. ಮೊದಲು ಯುದ್ಧದ ಕುದುರೆ, ಆಮೇಲೆ ರೇಸಿನ ಕುದುರೆ. ಈಚೆಗೆ ಅಲ್ಲಿ ಟೌನ್‌ಶಿಪ್ ಮಾಡುವ ಪ್ರಸ್ತಾಪ ಬಂದಾಗ ಊರಿನಲ್ಲೇ ವಿರೋಧ ಎದ್ದಿತು. ಕುದುರೆಯ ಕೆಲಸ ಮುಗಿಯಿತೆಂದ ಕೂಡಲೇ ನೆಲದ ಬೆಲೆ ಎಣಿಸುವವರು ಬರುತ್ತಾರೆ. ಕಾವಲುಗಳಿಗೆ ಆದದ್ದೂ ಇದೇ.

ಹಾಗಾದರೆ ಜಿಂಕೆ ಎಲ್ಲಿ ಉಳಿಯಿತು? ತುಮಕೂರಿನಿಂದ ದೇವರಾಯನದುರ್ಗದ ದಾರಿಯಲ್ಲಿ ನಾಮದ ಚಿಲುಮೆಯ ಜಿಂಕೆ ವನದಲ್ಲಿ ಬೇಲಿಯೊಳಗೆ ಕಾಣಸಿಗುತ್ತದೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬಹುದು. ಬೇಲಿಯಿಲ್ಲದೆ ಓಡುವ ಕೃಷ್ಣಮೃಗ ನೋಡಬೇಕಾದರೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಗೆ ಹೋಗಬೇಕು. ಅಲ್ಲಿನ 798 ಎಕರೆ ಬಯಲು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಅದರಲ್ಲೂ ನೀಲಗಿರಿ ತೋಪುಗಳಿವೆ. ಶಿರಾ ಕಡೆಯ ಬುಕ್ಕಾಪಟ್ಟಣದ ಕುರುಚಲು ಕಾಡು 2019ರಲ್ಲಿ ಚಿಂಕಾರ ವನ್ಯಜೀವಿ ಧಾಮವಾಯಿತು. ಒಂದು ಕಾಲದಲ್ಲಿ ಕಾವಲಿನಿಂದ ಕಾವಲಿಗೆ ಹರಡಿದ್ದ ಪ್ರಾಣಿಗೆ ಈಗ ಉಳಿದಿರುವುದು ಒಂದಕ್ಕೊಂದು ಸಂಬಂಧವಿಲ್ಲದ ಇಂಥ ತುಂಡುಗಳು.

ತುಂಡಾದ ಹುಲ್ಲಿನ ಬೆಲೆ ತೆರುತ್ತಿರುವವನು ಅಂಚಿನ ರೈತ. 798 ಎಕರೆಯಲ್ಲಿ ಹೊಟ್ಟೆ ತುಂಬದ ಹಿಂಡು ರಾತ್ರಿ ಪಕ್ಕದ ರಾಗಿ, ಕಡಲೆಕಾಯಿ ಹೊಲಕ್ಕೆ ನುಗ್ಗಿದರೆ ಅದು ಕೃಷ್ಣಮೃಗದ ಹಟವಲ್ಲ. ಜಿಂಕೆಗೆಂದು ಬೇರೆಯವರು ಬಿಡದ ಮೇವನ್ನು ಈಗ ಅವನು, ಮನಸ್ಸಿಲ್ಲದಿದ್ದರೂ, ಬೆಳೆದು ಕೊಡುತ್ತಿದ್ದಾನೆ. ಮೊದಲನೆಯ ಅನುಸೂಚಿಯ ಪ್ರಾಣಿಯನ್ನು ಬೆಳೆ ತಿಂದ ಕಾರಣಕ್ಕೆ ಕೊಲ್ಲಲು ಕಾನೂನು ಬಿಡುವುದಿಲ್ಲ. ಮನುಷ್ಯನ ಜೀವಕ್ಕೆ ಅಪಾಯವಾದಾಗ, ಇಲ್ಲವೇ ವಾಸಿಯಾಗದಷ್ಟು ಗಾಯ, ಕಾಯಿಲೆಯಾದಾಗ ಮಾತ್ರ ಮುಖ್ಯ ವನ್ಯಜೀವಿ ಪರಿಪಾಲಕರು ಅನುಮತಿ ಕೊಡಬಹುದು. ರೈತನ ಪಾಲಿಗೆ ಉಳಿಯುವುದು ಪರಿಹಾರದ ಅರ್ಜಿ. ಜಿಂಕೆಯನ್ನು ಉಳಿಸುವ ಭಾರವನ್ನು ರಾಜ್ಯ ಎತ್ತಿಕೊಂಡಿದ್ದರೆ ಅದರ ಮೇವಿನ ಭಾರವನ್ನೂ ಎತ್ತಿಕೊಳ್ಳಬೇಕು. ಅದಕ್ಕೆ ಹೊಸ ಯೋಜನೆಯೇನೂ ಬೇಕಿಲ್ಲ. ಉಳಿದಿರುವ ಕಾವಲನ್ನು ಕಾವಲಾಗಿಯೇ ಬಿಟ್ಟು, ನೀಲಗಿರಿ ತೆಗೆದು, ದನ ಕುರಿಗಳನ್ನು ಹಳೆಯ ಪದ್ಧತಿಯಂತೆ ಸರದಿಯಲ್ಲಿ ಮೇಯಿಸಿದರೆ ಹುಲ್ಲು ತಾನಾಗಿ ಬರುತ್ತದೆ.

ಕಾರ್ಖಾನೆ ಬೇಡವೆಂದು ನಾವು ಹೇಳುತ್ತಿಲ್ಲ. ಗುಬ್ಬಿಯ ಹುಡುಗರಿಗೆ ಕೆಲಸ ಬೇಕು, ಅದು ನಮಗೂ ಗೊತ್ತು, ನಾವೂ ಕೆಲಸ ಹುಡುಕಿಕೊಂಡು ಬೆಂಗಳೂರಿನ ರೈಲು ಹತ್ತಿದವರೇ. ನಮ್ಮ ತಕರಾರು ‘ಖಾಲಿ ಜಾಗ’ ಎಂಬ ಮಾತಿನ ಬಗ್ಗೆ. ಮುನ್ನೂರು ವರ್ಷ ಲೆಕ್ಕವಿಟ್ಟು, ಸರದಿ ಹಾಕಿ, ಕಾವಲುಗಾರರನ್ನು ನೇಮಿಸಿ ಕಾದ ನೆಲ ಖಾಲಿಯಾಗಿರಲಿಲ್ಲ. ನಿಮ್ಮೂರಿನ ಸುತ್ತ ಕಾವಲು ಎಂಬ ಹೆಸರಿನ ಸರ್ವೆ ನಂಬರು ಇದ್ದರೆ ನಾಡಕಚೇರಿಯಲ್ಲಿ ಪಹಣಿ ತೆಗೆಸಿ ನೋಡಿ. ಯಾರ ಹೆಸರಿನಲ್ಲಿದೆ, ಎಷ್ಟು ಎಕರೆ ಉಳಿದಿದೆ, ಅಲ್ಲಿ ಮೇಯುವುದು ಏನು ಎಂದು ಬರೆದಿಟ್ಟುಕೊಳ್ಳಿ. ಮುಂದಿನ ಗ್ರಾಮಸಭೆಯಲ್ಲಿ ಆ ನೆಲದ ಮಾತು ಬಂದಾಗ ಆ ಹಾಳೆ ನಿಮ್ಮ ಕೈಯಲ್ಲಿರಲಿ.