ಮೇ ತಿಂಗಳ ಅತಿಥಿಗಳು: ಸೆಂಟ್ರಲ್ ಪಾರ್ಕಿನ ಹಕ್ಕಿನೋಟದ ಇತಿಹಾಸ

ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ ದ್ವೀಪದ ನಡುವೆ 843 ಎಕರೆಗಳಷ್ಟು ಹರಡಿಕೊಂಡಿರುವ ಸೆಂಟ್ರಲ್ ಪಾರ್ಕ್ ತಾನಾಗಿ ಬೆಳೆದ ಕಾಡಲ್ಲ. ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ಎಂಬಿಬ್ಬರು ವಿನ್ಯಾಸಕಾರರು ಕೆರೆ, ದಿಬ್ಬ, ತೋಪು, ಕಾಲುದಾರಿಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ ನಿರ್ಮಿಸಿದ, 1858ರ ಚಳಿಗಾಲದಲ್ಲಿ ಮೊದಲ ಭಾಗವನ್ನು ಸಾರ್ವಜನಿಕರಿಗೆ ತೆರೆದ ಉದ್ಯಾನವದು. ದಟ್ಟಣೆಯ ನಗರದಲ್ಲಿ ಉಸಿರುಗಟ್ಟಿದ್ದ ಜನರಿಗೆ ಗಾಳಿ, ಬೆಳಕು, ನೆರಳು ಸಿಗಲೆಂದು ಕಟ್ಟಿದ ಈ ತಾಣ ಮುಂದೆ ಜಗತ್ತಿನ ಹೆಸರಾಂತ ಪಕ್ಷಿವೀಕ್ಷಣಾ ಸ್ಥಳಗಳಲ್ಲಿ ಒಂದಾಯಿತು. ಏಪ್ರಿಲ್ ಕೊನೆಯಿಂದ ಮೇ ತಿಂಗಳ ಮೂರನೆಯ ವಾರದವರೆಗೆ, ಬೆಳಕು ಹರಿಯುವ ಹೊತ್ತಿಗೆ ಕೊರಳಿಗೆ ದುರ್ಬೀನು ಹಾಕಿಕೊಂಡು, ಹೆಗಲಿಗೆ ಕ್ಯಾಮೆರಾ ಏರಿಸಿಕೊಂಡು ಜನರು ಇಲ್ಲಿಗೆ ಬರುವ ವಾಡಿಕೆಗೆ ಒಂದೂಕಾಲು ಶತಮಾನದ ಇತಿಹಾಸವಿದೆ. ಆ ಇತಿಹಾಸ ಶುರುವಾಗುವುದು ಹಕ್ಕಿಯ ಮೇಲಿನ ಪ್ರೀತಿಯಿಂದಲ್ಲ, ಅದರ ಕೊಲೆಯಿಂದ.

ಈ ವಾಡಿಕೆಗೆ ಆಧಾರವಾಗಿರುವುದು ವಸಂತವಲಸೆ. ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ ಚಳಿಗಾಲ ಕಳೆದ ಹಕ್ಕಿಗಳು ಗೂಡು ಕಟ್ಟುವುದಕ್ಕಾಗಿ ಉತ್ತರದ ಕಾಡುಗಳಿಗೆ ಮರಳುವ ಪಯಣಕ್ಕೆ ಆ ಹೆಸರು. ಇವುಗಳಲ್ಲಿ ಸಣ್ಣ ಹಕ್ಕಿಗಳು ಬಹುಮಟ್ಟಿಗೆ ರಾತ್ರಿಯಲ್ಲೇ ಹಾರುತ್ತವೆ, ತೆಂಕಣ ಗಾಳಿ ಬೀಸಿದ ರಾತ್ರಿ ಅದರ ನೆರವು ಪಡೆದು ದೂರ ಸಾಗುತ್ತವೆ, ಬೆಳಗಾಗುತ್ತಲೇ ಮೇವು ಮತ್ತು ಆಸರೆ ಹುಡುಕಿ ಕೆಳಗಿಳಿಯುತ್ತವೆ. ಅಟ್ಲಾಂಟಿಕ್ ಕರಾವಳಿಯ ಗುಂಟ ಸಾಗುವ ಈ ಹಾದಿಯಲ್ಲಿ, ಸುತ್ತಲೂ ಕಾಂಕ್ರೀಟು ತುಂಬಿದ ನೆಲದ ನಡುವೆ ಕಾಣುವ ಹಸಿರಿನ ಪಟ್ಟಿಯೆಂದರೆ ಈ ಉದ್ಯಾನವೇ. ಅದರಲ್ಲೂ ರ‍್ಯಾಂಬಲ್ ಎಂದು ಕರೆಯುವ, ಅಂಕುಡೊಂಕು ಕಾಲುದಾರಿಗಳ ತೋಪಿನಲ್ಲಿ ಓಕ್ ಮರಗಳು ಹೂಬಿಡುವುದು, ಎಳೆ ಎಲೆಗಳಿಗೆ ಕಂಬಳಿಹುಳುಗಳು ಹತ್ತುವುದು, ಹಕ್ಕಿಗಳು ಬಂದಿಳಿಯುವುದು, ಈ ಮೂರೂ ಒಂದೇ ಹೊತ್ತಿಗೆ ಕೂಡಿಬರುತ್ತವೆ.

ಹೀಗೆ ಬರುವ ಹಕ್ಕಿಗಳಲ್ಲಿ ವೀಕ್ಷಕರ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದಿರುವುದು ವಾರ್ಬ್ಲರ್‌ಗಳು. ಚಳಿಗಾಲದಲ್ಲಿ ಕರ್ನಾಟಕದ ಮರಗಳಿಗೆ ಬರುವ, ಕನ್ನಡದಲ್ಲಿ ಉಲಿಯಕ್ಕಿ ಎನ್ನುವ ಹಕ್ಕಿಗಳಿಗೂ ಇವಕ್ಕೂ ಇಂಗ್ಲಿಷ್ ಹೆಸರು ಒಂದೇ ಆದರೂ ಕುಟುಂಬ ಬೇರೆ. ನಮ್ಮ ಉಲಿಯಕ್ಕಿಗಳದು ಹೆಚ್ಚಾಗಿ ಮಂಕು ಹಸಿರು, ಮಾಸಲು ಕಂದು, ಅಮೆರಿಕದವು ಮೇ ತಿಂಗಳಲ್ಲಿ ಬಣ್ಣ ಉಕ್ಕಿಸಿಕೊಂಡು ಬರುತ್ತವೆ. ಬ್ಲ್ಯಾಕ್‌ಬರ್ನಿಯನ್ ವಾರ್ಬ್ಲರ್ ಎಂಬ ಹಕ್ಕಿಯ ಗಂಡನ್ನು ನೋಡಿದರೆ ಸಾಕು: ಸುಮಾರು ಹತ್ತು ಗ್ರಾಂ ತೂಕದ ಆ ಜೀವ ಆಂಡಿಸ್ ಪರ್ವತಗಳಿಂದ ಹೊರಟು ಬಂದಿರುತ್ತದೆ, ಕಪ್ಪು-ಬಿಳುಪು ಪಟ್ಟೆಗಳ ಮೈಯಲ್ಲಿ ಗಂಟಲು ಮಾತ್ರ ಊದಿದ ಕೆಂಡದಂತೆ ಕಿತ್ತಳೆಯಾಗಿ ಹೊಳೆಯುತ್ತದೆ, ಮತ್ತು ಅದು ಮರದ ನೆತ್ತಿಯ ಕೊಂಬೆಗಳಲ್ಲೇ ಹುಳು ಹೆಕ್ಕುವುದರಿಂದ ನೋಡುವವರು ಕತ್ತು ನೋಯುವವರೆಗೆ ತಲೆ ಎತ್ತಿ ನಿಲ್ಲಬೇಕಾಗುತ್ತದೆ. ಈ ನೋವಿಗೆ ಅಲ್ಲಿಯ ವೀಕ್ಷಕರು ವಾರ್ಬ್ಲರ್ ಕತ್ತು ಎಂದೇ ಹೆಸರಿಟ್ಟಿದ್ದಾರೆ. ಕರ್ನಾಟಕದಲ್ಲಿ ಈ ಋತುಚಕ್ರ ತಿರುವುಮುರುವು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬಂದ ಪಟ್ಟೆತಲೆ ಹೆಬ್ಬಾತುಗಳು ಬೇಸಿಗೆ ಕಾಲಿಡುವ ಹೊತ್ತಿಗೆ ಹೊರಟುಬಿಡುವುದರಿಂದ, ಇಲ್ಲಿಯ ವೀಕ್ಷಕರಿಗೆ ವಸಂತವೆಂದರೆ ಬೀಳ್ಕೊಡುಗೆ, ಅಲ್ಲಿಯವರಿಗೆ ಸ್ವಾಗತ.

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಹಕ್ಕಿಯನ್ನು ಅರಿಯುವುದೆಂದರೆ ಅದನ್ನು ಹೊಡೆದುರುಳಿಸುವುದೇ ಆಗಿತ್ತು. ಅಂದಿನ ಪಕ್ಷಿಶಾಸ್ತ್ರದ ಗ್ರಂಥಗಳು ಕೊಕ್ಕಿನ ಉದ್ದ, ರೆಕ್ಕೆಯ ಗರಿಗಳ ಅಳತೆ, ಕಾಲಿನ ಹುರುಪೆಗಳ ಜೋಡಣೆ ಮುಂತಾದ ಲಕ್ಷಣಗಳಿಂದ ಪ್ರಭೇದವನ್ನು ನಿರ್ಣಯಿಸುತ್ತಿದ್ದವು. ಇವೆಲ್ಲ ಕೈಯಲ್ಲಿ ಹಿಡಿದ ಸತ್ತ ಹಕ್ಕಿಯಲ್ಲಿ ಮಾತ್ರ ನೋಡಲು ಸಿಗುವಂಥವು. ಹೀಗಾಗಿ ಬಂದೂಕು ಶಾಸ್ತ್ರಜ್ಞನ ಮೊದಲ ಉಪಕರಣವಾಗಿತ್ತು. ಶಾಸ್ತ್ರದ ಹೆಸರಿನ ಈ ಬೇಟೆಗಿಂತಲೂ ಎಷ್ಟೋ ಪಾಲು ದೊಡ್ಡದಾಗಿದ್ದುದು ಗರಿಯ ವ್ಯಾಪಾರ. ಮಹಿಳೆಯರ ಟೋಪಿಗಳಿಗೆ ಗರಿಗಳನ್ನು, ರೆಕ್ಕೆಗಳನ್ನು, ಕೆಲವೊಮ್ಮೆ ಹುಲ್ಲು ತುಂಬಿದ ಇಡೀ ಹಕ್ಕಿಗಳನ್ನು ಸಿಕ್ಕಿಸುವುದು ಫ್ಯಾಷನ್ ಆಗಿದ್ದ ಆ ಕಾಲದಲ್ಲಿ ಬೆಳ್ಳಕ್ಕಿಯ ತುರಾಯಿಗರಿಗೆ ತೂಕಕ್ಕೆ ತೂಕ ಚಿನ್ನವನ್ನೂ ಮೀರಿದ ಬೆಲೆ ಬಂದಿತ್ತು. ಆ ಗರಿಗಳು ಮೂಡುವುದು ಮರಿಮಾಡುವ ಕಾಲದಲ್ಲಿ ಮಾತ್ರ. ಆದ್ದರಿಂದ ಬೇಟೆಗಾರರು ಗೂಡಿನ ಮೇಲಿದ್ದ ತಾಯಿ-ತಂದೆಯರನ್ನೇ ಹೊಡೆಯುತ್ತಿದ್ದರು, ಮರಿಗಳು ಹಸಿವಿನಿಂದ ಸಾಯುತ್ತಿದ್ದವು. ಭಾರತದ ಬೆಳ್ಳಕ್ಕಿಗಳೂ ಈ ವ್ಯಾಪಾರಕ್ಕೆ ಬಲಿಯಾದವು, 1902ರಲ್ಲಿ ಭಾರತ ಸರ್ಕಾರ ಹಕ್ಕಿಗಳ ಚರ್ಮ ಮತ್ತು ಗರಿಗಳ ರಫ್ತನ್ನು ನಿಷೇಧಿಸಬೇಕಾಯಿತು.

1886ರಲ್ಲಿ ಫ್ರಾಂಕ್ ಚಾಪ್‌ಮನ್ ಎಂಬ ಬ್ಯಾಂಕ್ ನೌಕರ ಮ್ಯಾನ್‌ಹಟನ್ನಿನ ಅಂಗಡಿಬೀದಿಗಳಲ್ಲಿ ಎರಡು ಸಂಜೆ ನಡೆದು, ಎದುರಾದ ಟೋಪಿಗಳನ್ನು ಎಣಿಸಿದರು. 700 ಟೋಪಿಗಳಲ್ಲಿ 542ಕ್ಕೆ ಗರಿಯ ಅಲಂಕಾರವಿತ್ತು. ಅವುಗಳಲ್ಲಿ 40 ಪ್ರಭೇದಗಳನ್ನು ಅವರು ಗುರುತಿಸಿದರು. ರಾಬಿನ್, ಮರಕುಟಿಗ, ರೀವ ಮೊದಲಾದವುಗಳ ಜೊತೆಗೆ ಆ ಪಟ್ಟಿಯಲ್ಲಿ ಒಂದು ಬ್ಲ್ಯಾಕ್‌ಬರ್ನಿಯನ್ ವಾರ್ಬ್ಲರ್ ಕೂಡ ಇತ್ತು. ಬಂದೂಕು ಹಿಡಿಯದೆ, ನಡೆಯುತ್ತ, ನೋಟದಿಂದಲೇ ಹಕ್ಕಿಗಳನ್ನು ಗುರುತಿಸಿ ಲೆಕ್ಕವಿಟ್ಟ ಈ ಕೆಲಸ ಕ್ರಮದಲ್ಲಿ ಇಂದಿನ ಪಕ್ಷಿವೀಕ್ಷಣೆಯೇ ಹೌದು; ಆದರೆ ಎಣಿಸಿದ್ದೆಲ್ಲ ಹೆಣಗಳನ್ನು. ಚಾಪ್‌ಮನ್ ಬ್ಯಾಂಕಿನ ಕೆಲಸ ಬಿಟ್ಟು ಸೆಂಟ್ರಲ್ ಪಾರ್ಕಿನ ಎದುರಿಗೇ ಇರುವ ಅಮೆರಿಕನ್ ನೈಸರ್ಗಿಕ ಇತಿಹಾಸ ಸಂಗ್ರಹಾಲಯವನ್ನು ಸೇರಿ, ಮುಂದೆ ಆ ದೇಶದ ಪಕ್ಷಿಪ್ರೇಮಿಗಳಿಗೆಲ್ಲ ಗುರುವಿನಂತಾದರು.

ಬದಲಾವಣೆಯ ಹೆಚ್ಚಿನ ಭಾರವನ್ನು ಹೊತ್ತವರು ಮಹಿಳೆಯರು ಎಂಬುದನ್ನು ಒತ್ತಿ ಹೇಳಬೇಕು. ಫ್ಲಾರೆನ್ಸ್ ಮೆರಿಯಮ್ ಎಂಬ ಯುವತಿ 1889ರಲ್ಲಿ ಪ್ರಕಟಿಸಿದ ಪುಸ್ತಕ, ನಾಟಕ ನೋಡಲು ಒಯ್ಯುವ ಪುಟ್ಟ ದುರ್ಬೀನಾದ ಅಪೆರಾ ಗ್ಲಾಸನ್ನು ಹಿಡಿದು ಜೀವಂತ ಹಕ್ಕಿಗಳನ್ನು ನೋಡುವ ಬಗೆಯನ್ನು ಸಾಮಾನ್ಯ ಓದುಗರಿಗೆ ಕಲಿಸಿತು. 1896ರಲ್ಲಿ ಬಾಸ್ಟನ್ನಿನ ಹ್ಯಾರಿಯೆಟ್ ಹೆಮೆನ್‌ವೇ ಮತ್ತು ಮಿನ್ನಾ ಹಾಲ್ ಗರಿಟೋಪಿಯನ್ನು ತ್ಯಜಿಸುವಂತೆ ತಮ್ಮ ವಲಯದ ಮಹಿಳೆಯರ ಮನವೊಲಿಸಿ ಮ್ಯಾಸಚೂಸೆಟ್ಸ್ ಆಡಬಾನ್ ಸಂಘವನ್ನು ಕಟ್ಟಿದರು. ಇಂಥ ಸಂಘಗಳ ಒತ್ತಡದ ಫಲವಾಗಿ ಕಾನೂನುಗಳು ಬಂದವು. ಅವುಗಳಲ್ಲಿ ಮುಖ್ಯವಾದ, ವಲಸೆ ಹಕ್ಕಿಗಳನ್ನು ಕೊಲ್ಲುವುದನ್ನೂ ಮಾರುವುದನ್ನೂ ತಡೆಯುವ ಕಾಯಿದೆ 1918ರಲ್ಲಿ ಜಾರಿಯಾಯಿತು. ಇದರ ನಡುವೆ 1900ರ ಕ್ರಿಸ್‌ಮಸ್ ದಿನ ಚಾಪ್‌ಮನ್ ಒಂದು ಹೊಸ ಪದ್ಧತಿಗೆ ನಾಂದಿ ಹಾಡಿದ್ದರು. ಎರಡು ತಂಡಗಳಾಗಿ ಹೊರಟು ಕಂಡ ಪ್ರಾಣಿ-ಪಕ್ಷಿಗಳನ್ನೆಲ್ಲ ಹೊಡೆದು ರಾಶಿ ಹಾಕುವ ಹಬ್ಬದ ಬೇಟೆಯ ಬದಲಿಗೆ ಹಕ್ಕಿಗಳನ್ನು ಎಣಿಸೋಣ ಎಂಬ ಅವರ ಕರೆಗೆ 27 ಮಂದಿ 25 ಸ್ಥಳಗಳಿಂದ ಓಗೊಟ್ಟರು; ಆ ಸ್ಥಳಗಳಲ್ಲಿ ಸೆಂಟ್ರಲ್ ಪಾರ್ಕ್ ಕೂಡ ಒಂದಾಗಿತ್ತು.

ಬಂದೂಕನ್ನು ಕೆಳಗಿಟ್ಟ ಮೇಲೂ ಕಣ್ಣಿನ ಸಾಕ್ಷಿಯನ್ನು ನಂಬಲು ಶಾಸ್ತ್ರಜ್ಞರು ಸಿದ್ಧರಿರಲಿಲ್ಲ. ನ್ಯೂಯಾರ್ಕಿನಲ್ಲಿ ಹುಟ್ಟಿದ ಲಡ್ಲೋ ಗ್ರಿಸ್ಕಮ್ ಮರದ ತುದಿಯಲ್ಲಿದ್ದ ಹೆಣ್ಣು ಕೇಪ್ ಮೇ ವಾರ್ಬ್ಲರನ್ನು ದುರ್ಬೀನಿನಿಂದಲೇ ಗುರುತಿಸಿದಾಗ, ಹಿರಿಯರೊಬ್ಬರು ಅದನ್ನು ಹೊಡೆದು ಕೆಳಗೆ ಬೀಳಿಸಿ ಪರೀಕ್ಷಿಸಿ, ಹೇಳಿದ್ದು ಸರಿಯೆಂದು ಒಪ್ಪಿಕೊಂಡರೆಂಬ ಕಥೆ ವೀಕ್ಷಕರ ನಡುವೆ ತಲೆಮಾರುಗಳಿಂದ ನಡೆದುಬಂದಿದೆ. ಹಕ್ಕಿಯ ಆಕಾರ, ನಿಲುವು, ಹಾರಾಟ, ಸದ್ದು ಮತ್ತು ಒಂದೆರಡು ಎದ್ದು ಕಾಣುವ ಗುರುತುಗಳಿಂದ ದೂರದಲ್ಲೇ ಪ್ರಭೇದವನ್ನು ಹೇಳಬಹುದೆಂಬ ಗ್ರಿಸ್ಕಮ್ಮರ ಕ್ರಮವನ್ನು 1924ರಲ್ಲಿ ಹುಟ್ಟಿದ ಬ್ರಾಂಕ್ಸ್ ಕೌಂಟಿ ಬರ್ಡ್ ಕ್ಲಬ್ಬಿನ ಹುಡುಗರು ಮೈಗೂಡಿಸಿಕೊಂಡರು. ಆ ಗುಂಪಿಗೆ ಬಂದು ಸೇರಿದ, ಚಿತ್ರಕಲೆ ಕಲಿಯುತ್ತಿದ್ದ ರೋಜರ್ ಟೋರಿ ಪೀಟರ್ಸನ್ 1934ರಲ್ಲಿ ಈ ವಿದ್ಯೆಯನ್ನು ಜೇಬಿನಲ್ಲಿ ಒಯ್ಯಬಹುದಾದ ಕೈಪಿಡಿಯನ್ನಾಗಿ ಮಾಡಿದರು. ಹೋಲುವ ಹಕ್ಕಿಗಳನ್ನು ಅಕ್ಕಪಕ್ಕದಲ್ಲಿ ಸರಳವಾಗಿ ಚಿತ್ರಿಸಿ, ಒಂದನ್ನು ಇನ್ನೊಂದರಿಂದ ಬೇರ್ಪಡಿಸುವ ಲಕ್ಷಣದತ್ತ, ಅಂದರೆ ಕಣ್ಣಿನ ಉಂಗುರ, ರೆಕ್ಕೆಯ ಪಟ್ಟಿ, ಬಾಲದ ಬಿಳಿಯ ಕಡೆಗೆ, ಸಣ್ಣ ಗೆರೆಯೊಂದನ್ನು ಎಳೆದು ತೋರಿಸುವುದು ಅವರ ಪದ್ಧತಿ. ಆರ್ಥಿಕ ಮುಗ್ಗಟ್ಟಿನ ಆ ದಿನಗಳಲ್ಲಿ ಹಲವು ಪ್ರಕಾಶಕರು ನಿರಾಕರಿಸಿದ್ದ ಈ ಪುಸ್ತಕದ ಮೊದಲ ಮುದ್ರಣದ 2,000 ಪ್ರತಿಗಳು ನೋಡನೋಡುತ್ತಿದ್ದಂತೆ ಖರ್ಚಾದವು. ಸತ್ತ ಹಕ್ಕಿಯ ಅಳತೆಯಿಂದ ಬದುಕಿರುವ ಹಕ್ಕಿಯ ಚಹರೆಗೆ ಪಕ್ಷಿಜ್ಞಾನ ದಾಟಿದ್ದು ಈ ಸಣ್ಣ ಗೆರೆಗಳ ಸೇತುವೆಯ ಮೇಲೆ.

ಇದೇ ಉದ್ಯಾನದಲ್ಲಿ ಹಕ್ಕಿ ನೋಡುವುದನ್ನು ರೂಢಿಸಿಕೊಂಡ ರೋಸಲಿ ಎಜ್ ಅವರ ಹೆಸರು ಇಷ್ಟು ಪ್ರಸಿದ್ಧವಲ್ಲ, ಆದರೆ ಇವರ ಸಾಧನೆ ಯಾರಿಗೂ ಕಡಿಮೆಯದಲ್ಲ. ಮಹಿಳೆಯರ ಮತದಾನದ ಹಕ್ಕಿಗಾಗಿ ಹೋರಾಡಿದ್ದ ಅವರು ಮಧ್ಯವಯಸ್ಸಿನಲ್ಲಿ ಸೆಂಟ್ರಲ್ ಪಾರ್ಕಿನ ಹಕ್ಕಿಗಳಿಗೆ ಮನಸೋತವರು. 1932ರಲ್ಲಿ ರಿಚರ್ಡ್ ಪೌ ಎಂಬ ಯುವಕ ಪೆನ್ಸಿಲ್ವೇನಿಯಾದ ಬೆಟ್ಟವೊಂದಕ್ಕೆ ಹೋಗಿ, ವಲಸೆ ಹೋಗುತ್ತಿದ್ದ ಗಿಡುಗಗಳನ್ನು ಬೇಟೆಗಾರರು ಮೋಜಿಗಾಗಿ ನೂರಾರು ಸಂಖ್ಯೆಯಲ್ಲಿ ಹೊಡೆದುರುಳಿಸುತ್ತಿದ್ದುದನ್ನು ಕಂಡು, ಹೆಣಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ ಛಾಯಾಚಿತ್ರ ತೆಗೆದ. ಆ ಚಿತ್ರಗಳು ತಟ್ಟಿದ್ದರಿಂದ ಎಜ್ 1934ರಲ್ಲಿ ಸುಮಾರು 1,400 ಎಕರೆಗಳ ಆ ಬೆಟ್ಟವನ್ನು ಗುತ್ತಿಗೆಗೆ ಪಡೆದು, ಕಾವಲುಗಾರನನ್ನು ನೇಮಿಸಿ, ಆ ಶರತ್ಕಾಲದಲ್ಲೇ ಗುಂಡಿನ ಸದ್ದನ್ನು ಅಡಗಿಸಿದರು. ಹಾಕ್ ಮೌಂಟನ್ ಎಂಬ ಹೆಸರಿನ ಆ ಧಾಮದಲ್ಲಿ ವರ್ಷ ವರ್ಷ ನಡೆದ ಗಿಡುಗ-ಹದ್ದುಗಳ ಎಣಿಕೆಯೇ ಮುಂದೆ ಕೀಟನಾಶಕಗಳ ವಿರುದ್ಧ ರೇಚಲ್ ಕಾರ್ಸನ್ ಬರೆದ ಪುಸ್ತಕಕ್ಕೆ ಸಾಕ್ಷ್ಯ ಒದಗಿಸಿತು. ಹಕ್ಕಿಗಳ ಛಾಯಾಗ್ರಹಣದ ಚರಿತ್ರೆಯಲ್ಲಿ ಅಂದವಾದ ಚಿತ್ರಗಳು ಅಸಂಖ್ಯವಾಗಿವೆ; ಪೌ ತೆಗೆದ ಆ ಹೆಣಗಳ ಸಾಲಿನಷ್ಟು ಹಕ್ಕಿಗಳನ್ನು ಉಳಿಸಿದ ಚಿತ್ರಗಳು ವಿರಳ.

ಬಣ್ಣದ ವಲಸೆ ಹಕ್ಕಿ ಮಾತ್ರ ಬಹುಕಾಲ ಕ್ಯಾಮೆರಾಕ್ಕೆ ಸಿಗಲಿಲ್ಲ. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಸಹೋದರರು 1892ರಲ್ಲಿ ಮೊಟ್ಟೆಗಳಿದ್ದ ಗೂಡಿನ ಚಿತ್ರ ತೆಗೆದು ಈ ಕಲೆಗೆ ದಾರಿ ಮಾಡಿದವರು. ಹಕ್ಕಿಗೆ ಅನುಮಾನ ಬಾರದಂತೆ ಎತ್ತಿನ ಟೊಳ್ಳು ಬೊಂಬೆಯೊಳಗೆ ಅಡಗಿ ಕುಳಿತು ಚಿತ್ರ ತೆಗೆದವರೂ ಅವರೇ. ಚಾಪ್‌ಮನ್ ಕೂಡ 1900ರಲ್ಲಿ ಕ್ಯಾಮೆರಾದ ಮೂಲಕ ಹಕ್ಕಿಗಳನ್ನು ಅಭ್ಯಸಿಸುವ ಬಗ್ಗೆ ಪುಸ್ತಕ ಬರೆದರು. ಆದರೆ ಗಾಜಿನ ಫಲಕ, ಭಾರದ ಮುಕ್ಕಾಲಿ, ನಿಧಾನದ ಮಸೂರಗಳ ಆ ಕಾಲದಲ್ಲಿ ಹಕ್ಕಿ ಮರಳಿ ಬಂದೇ ಬರುವ ಜಾಗವೆಂದರೆ ಗೂಡು ಮಾತ್ರವಾಗಿದ್ದರಿಂದ, ಛಾಯಾಗ್ರಾಹಕರೆಲ್ಲ ಗೂಡಿನ ಮುಂದೆ ಕಾದರು. ಸೆಂಟ್ರಲ್ ಪಾರ್ಕಿನಲ್ಲಿ ಒಂದೆರಡು ದಿನ ತಂಗಿ, ಕ್ಷಣವೂ ನಿಲ್ಲದೆ ಎಲೆಯಿಂದ ಎಲೆಗೆ ಹಾರುವ ವಾರ್ಬ್ಲರ್ ಸಾಮಾನ್ಯ ಹವ್ಯಾಸಿಯ ಚೌಕಟ್ಟಿಗೆ ಸಿಕ್ಕಿದ್ದು ಡಿಜಿಟಲ್ ಕ್ಯಾಮೆರಾಗಳು, ತಾನಾಗಿ ನೋಟ ಹೊಂದಿಸಿಕೊಳ್ಳುವ ಉದ್ದ ಮಸೂರಗಳು ಬಂದ ಮೇಲೆಯೇ. ಇದರಿಂದ ಲಾಭವೂ ಆಗಿದೆ, ಅಪರೂಪದ ಹಕ್ಕಿ ಬಂತೆಂಬುದಕ್ಕೆ ಈಗ ಯಾರೂ ಅದನ್ನು ಕೊಂದು ತೋರಿಸಬೇಕಾಗಿಲ್ಲ. ಆದರೆ ಚಿತ್ರದ ಆಸೆಗೆ ಹಕ್ಕಿಯ ಹಾಡಿನ ಧ್ವನಿಮುದ್ರಿಕೆಯನ್ನು ನುಡಿಸಿ ಅದನ್ನು ಹತ್ತಿರ ಕರೆಯುವ ಚಾಳಿಯೂ ಹಬ್ಬಿದೆ. ರಾತ್ರಿಯಿಡೀ ಹಾರಿ ಕೊಬ್ಬು ಕರಗಿಸಿಕೊಂಡು ಇಳಿದ ಹತ್ತು ಗ್ರಾಮಿನ ಜೀವ, ಹುಳು ಹೆಕ್ಕಬೇಕಾದ ಹೊತ್ತಿನಲ್ಲಿ ಇಲ್ಲದ ಎದುರಾಳಿಯನ್ನು ಹುಡುಕುತ್ತ ಅಲೆಯುವಂತೆ ಮಾಡುವುದು ತಪ್ಪು.

ನಗರದ ಅಪಾಯ ಇದಕ್ಕಿಂತ ದೊಡ್ಡದು. ದೀಪಗಳ ಬೆಳಕಿಗೆ ದಾರಿ ತಪ್ಪಿ, ಗಾಜಿನಲ್ಲಿ ಕಾಣುವ ಮರದ ಬಿಂಬವನ್ನು ಮರವೆಂದೇ ನಂಬಿ ಡಿಕ್ಕಿ ಹೊಡೆದು ನ್ಯೂಯಾರ್ಕಿನಲ್ಲಿ ವರ್ಷಕ್ಕೆ 90,000ದಿಂದ 2,30,000 ಹಕ್ಕಿಗಳು ಸಾಯುತ್ತವೆಂದು ಅಲ್ಲಿಯ ಆಡಬಾನ್ ಸಂಸ್ಥೆ ಅಂದಾಜಿಸಿದೆ. ಹೊಸ ಕಟ್ಟಡಗಳು ಹಕ್ಕಿಗಳಿಗೆ ಕಾಣುವಂಥ ಗಾಜನ್ನೇ ಬಳಸಬೇಕೆಂದು ನಗರಸಭೆ 2019ರಲ್ಲಿ ಕಾನೂನು ಮಾಡಿತು. ಉತ್ತರ ಅಮೆರಿಕದ ಹಕ್ಕಿಗಳ ಸಂಖ್ಯೆ 1970ರಿಂದೀಚೆಗೆ ಸುಮಾರು 290 ಕೋಟಿಯಷ್ಟು ಕುಸಿದಿದೆ ಎಂಬ ಅಧ್ಯಯನ ಹೊರಬಂದದ್ದೂ ಅದೇ ವರ್ಷ.

2018ರ ಮೇ ತಿಂಗಳ ಒಂದು ವಾರಾಂತ್ಯ ಸೆಂಟ್ರಲ್ ಪಾರ್ಕಿನಲ್ಲಿ ಕರ್ಟ್‌ಲ್ಯಾಂಡ್ ವಾರ್ಬ್ಲರ್ ಒಂದು ಕಾಣಿಸಿಕೊಂಡಿತು. ಬಹಾಮಾ ದ್ವೀಪಗಳಲ್ಲಿ ಚಳಿಗಾಲ ಕಳೆದು, ಮುಖ್ಯವಾಗಿ ಮಿಶಿಗನ್ ರಾಜ್ಯದ ಎಳೆ ಜ್ಯಾಕ್ ಪೈನ್ ಮರಗಳ ಕಾಡಿನಲ್ಲಿ ಮರಿಮಾಡುವ ಈ ಹಕ್ಕಿ ಈ ಉದ್ಯಾನಕ್ಕೆ ಬರುವುದೆಂದರೆ ಊಹೆಗೂ ಮೀರಿದ ಸಂಗತಿ. ನೂರಾರು ಜನ ಬಂದು ನೋಡಿದರು, ಚಿತ್ರ ತೆಗೆದರು. 1951ರಿಂದ ಈ ಹಕ್ಕಿಯ ಗಣತಿ ನಡೆದಿರುವುದು ಕಾಡಿನಲ್ಲಿ ನಡೆಯುತ್ತ, ಹಾಡುವ ಗಂಡುಗಳನ್ನು ಕಿವಿಯಿಂದ ಕೇಳಿ ಎಣಿಸುವ ಕ್ರಮದಿಂದ. 1974ರಲ್ಲೂ 1987ರಲ್ಲೂ ಸಿಕ್ಕ ಲೆಕ್ಕ ಕೇವಲ 167. ಪೈನ್ ಸಸಿಗಳನ್ನು ನೆಟ್ಟು, ಅದರ ಗೂಡಿನಲ್ಲಿ ಮೊಟ್ಟೆಯಿಡುವ ಕೌಬರ್ಡ್ ಎಂಬ ಹಕ್ಕಿಯನ್ನು ಹತೋಟಿಯಲ್ಲಿಟ್ಟು ಮೂರು ದಶಕ ದುಡಿದ ಮೇಲೆ ಆ ಸಂಖ್ಯೆ ಎರಡು ಸಾವಿರವನ್ನು ದಾಟಿತು, ಮತ್ತು 2019ರ ಅಕ್ಟೋಬರ್‌ನಲ್ಲಿ ಅಮೆರಿಕ ಸರ್ಕಾರ ಕರ್ಟ್‌ಲ್ಯಾಂಡ್ ವಾರ್ಬ್ಲರನ್ನು ಅಳಿವಿನಂಚಿನ ಜೀವಿಗಳ ಪಟ್ಟಿಯಿಂದ ತೆಗೆದುಹಾಕಿತು.