ವತನದಿಂದ ಮಾಸಾಶನಕ್ಕೆ: ಕಿತ್ತೂರು–ಪರಸಗಡ ಸೀಮೆಯಲ್ಲಿ ವೃದ್ಧರ ಜೀವನಾಧಾರ

ನಾಡಿನ ಇತಿಹಾಸವನ್ನು ಬರೆಯುವವರು ಅರಸುಮನೆತನಗಳ ವಂಶಾವಳಿ, ಕಾಳಗಗಳ ಕಾಲ, ದತ್ತಿಗಳ ಮೇರೆ ಇವುಗಳನ್ನು ಬಹು ಶ್ರಮದಿಂದ ನಿಶ್ಚಯಿಸುತ್ತ ಬಂದಿರುವರು. ಆದರೆ ಕೈಕಾಲು ಸೋತ ಒಕ್ಕಲಿಗನು, ಕಣ್ಣು ಮಂಜಾದ ನೇಕಾರನು, ಮಕ್ಕಳಿಲ್ಲದ ವಿಧವೆಯು ತಮ್ಮ ಕಡೆಗಾಲದಲ್ಲಿ ಯಾರ ಅನ್ನವನ್ನು ಉಂಡರು, ಯಾವ ಹಕ್ಕಿನಿಂದ ಉಂಡರು ಎಂಬ ಪ್ರಶ್ನೆಯು ಇತಿಹಾಸದ ವಿಷಯವೆಂದು ಎಣಿಸಲ್ಪಟ್ಟಿರುವದು ಅಪರೂಪ. ಹಿಂದಿನ ಕಾಲದಲ್ಲಿ ಅವಿಭಕ್ತ ಕುಟುಂಬವಿದ್ದಿತು, ಅಲ್ಲಿ ಹಿರಿಯರಿಗೆ ಯಾವ ಕೊರತೆಯೂ ಇರಲಿಲ್ಲ, ಈಗ ಮಕ್ಕಳ ಮನಸ್ಸು ಕೆಟ್ಟುದರಿಂದಲೇ ಮುದುಕರು ದಿಕ್ಕುಗೆಟ್ಟಿರುವರು ಎಂಬ ಮಾತು ಎಲ್ಲೆಡೆಯಲ್ಲಿಯೂ ಕೇಳಿಬರುತ್ತದೆ. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬುದನ್ನು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳೆಂಬ ನಾಲ್ಕು ಊರುಗಳ ಸೀಮೆಯನ್ನು ಹಿಡಿದು ಪರೀಕ್ಷಿಸುವದು ಪ್ರಕೃತ ಲೇಖದ ಉದ್ದೇಶವಾಗಿದೆ.

ಈ ಸೀಮೆಯು ಮಲಪ್ರಭೆಯ ನೀರುಂಡ ನಾಡು. ಪಡುವಲಲ್ಲಿ ಮಲೆನಾಡಿನ ಸೆರಗಾದ ಕಿತ್ತೂರು, ಮೂಡಲಲ್ಲಿ ಮಳೆ ಕಡಿಮೆಯಾದ ರಾಮದುರ್ಗ, ನಡುವೆ ಜೋಳ–ಹತ್ತಿ ಬೆಳೆಯುವ ಎರೆಯ ಹೊಲಗಳು. ಇಂಗ್ಲಿಷರ ಆಳಿಕೆಯಲ್ಲಿ ಕಿತ್ತೂರು ಸಂಪಗಾವಿ ತಾಲೂಕಿಗೆ ಸೇರಿ, ಆ ತಾಲೂಕಿನ ಕಚೇರಿಯು ಬೈಲಹೊಂಗಲದಲ್ಲಿದ್ದಿತು. ಸವದತ್ತಿಯು ಪರಸಗಡ ತಾಲೂಕಿನ ಮುಖ್ಯ ಸ್ಥಳವಾಗಿದ್ದಿತು. ರಾಮದುರ್ಗವಾದರೋ ೧೯೪೮ರ ವರೆಗೆ ಭಾವೆ ಮನೆತನದ ಪ್ರತ್ಯೇಕ ಸಂಸ್ಥಾನವಾಗಿತ್ತು. ಹೀಗೆ ಖಾಲ್ಸಾ ಮುಲುಕು, ಮುರಿದ ದೇಸಗತಿ, ಉಳಿದ ಸಂಸ್ಥಾನ, ಪ್ರಸಿದ್ಧ ಕ್ಷೇತ್ರ ಈ ನಾಲ್ಕೂ ಒಂದೇ ಕಡೆಗೆ ದೊರೆಯುವದರಿಂದ ಹೋಲಿಕೆಗೆ ಈ ಪ್ರದೇಶವು ತಕ್ಕುದಾಗಿದೆ.

೧. ಧರ್ಮಶಾಸ್ತ್ರವೂ ಶಾಸನಗಳೂ

ಪ್ರಾಚೀನ ಕಾಲದ ಸಾಧನಗಳಲ್ಲಿ ಸಾಮಾನ್ಯ ಮುದುಕನ ಹೆಸರು ದೊರೆಯುವದು ದುರ್ಲಭ. ಆದರೂ ಆಸರೆಯ ರೀತಿಯು ಸ್ಪಷ್ಟವಾಗಿ ತೋರುವದು. ಸವದತ್ತಿಯು ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿತ್ತು. ಕ್ರಿ. ಶ. ೯೮೦ರ ಶಾಸನದಂತೆ ರಟ್ಟರ ಶಾಂತಿವರ್ಮನು ಅಲ್ಲಿ ತಾನು ಕಟ್ಟಿಸಿದ ಬಸದಿಗೆ ೧೫೦ ಮತ್ತರು ಭೂಮಿಯನ್ನು ಬಿಟ್ಟನು. ಇಂಥ ದತ್ತಿಗಳ ಫಲವು ದೇವರ ಪೂಜೆಗೆ ಮಾತ್ರವಲ್ಲದೆ ತಪಸ್ವಿಗಳ ಆಹಾರದಾನಕ್ಕೂ ಸಲ್ಲುತ್ತಿದ್ದಿತೆಂಬುದು ಕನ್ನಡ ನಾಡಿನ ಅನೇಕ ಶಾಸನಗಳಿಂದ ತಿಳಿದ ಸಂಗತಿ. ಕಾಳಗದಲ್ಲಿ ಬಿದ್ದ ವೀರನ ಮನೆಯವರಿಗೆ ಕೊಡುತ್ತಿದ್ದ ನೆತ್ತರುಗೊಡಗೆಯು ದುಡಿಯುವ ಮಗನನ್ನು ಕಳೆದುಕೊಂಡವರಿಗೆ ಅನ್ನದ ದಾರಿಯಾಗಿತ್ತು. ಈ ಎಲ್ಲ ಉದಾಹರಣೆಗಳಲ್ಲಿ ಕೊಟ್ಟುದು ಹಣವಲ್ಲ, ಭೂಮಿ. ಕೊಟ್ಟುದು ಒಬ್ಬ ವ್ಯಕ್ತಿಗಲ್ಲ, ಒಂದು ಮನೆತನಕ್ಕೆ ಅಥವಾ ಒಂದು ಸ್ಥಾನಕ್ಕೆ.

ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರವು ಈ ನಾಡಿನಲ್ಲಿ ದಾಯಭಾಗಕ್ಕೆ ಆಧಾರವಾಯಿತು. ಅದರಂತೆ ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುವದು. ವೃದ್ಧರಾದ ತಾಯಿತಂದೆಗಳ ಪೋಷಣವು ಮಗನು ಎಂಥ ಕಷ್ಟದಲ್ಲಿಯೂ ಬಿಡಬಾರದ ಕರ್ತವ್ಯವೆಂದು ಧರ್ಮಶಾಸ್ತ್ರವು ಹೇಳುವದು. ಹಕ್ಕೂ ಹೊಣೆಯೂ ಹೀಗೆ ಒಂದೇ ಹೊಲದ ಎರಡು ಬದುಗಳಂತೆ ಇದ್ದವು. ಹೊಲವಿಲ್ಲದ ಮನೆಯಲ್ಲಿ ಹೊಣೆಯು ಉಳಿಯುತ್ತಿದ್ದಿತು. ಅದನ್ನು ಹೊರುವ ಸಾಧನವು ಮಾತ್ರ ಇರುತ್ತಿದ್ದಿಲ್ಲ. ಅವಿಭಕ್ತ ಕುಟುಂಬವನ್ನು ಹೊಗಳುವವರು ಮರೆಯುವ ಮುಖ್ಯ ಅಂಶವು ಇದೇ.

೨. ಕಿತ್ತೂರಿನ ಶೇತಸನದಿಗಳು

ಕಿತ್ತೂರು ದೇಸಾಯರ ಕಾಲಕ್ಕೆ ಬಂದರೆ ಇದೇ ರೀತಿಯು ಮತ್ತೊಂದು ರೂಪದಲ್ಲಿ ಕಾಣುವದು. ಸಂಸ್ಥಾನದ ಕಾವಲು–ಕಾಳಗಗಳಿಗೆ ಒದಗುತ್ತಿದ್ದ ಶೇತಸನದಿಗಳಿಗೆ ನಗದು ಸಂಬಳದ ಬದಲಾಗಿ ಹೊಲವನ್ನು ಸನದಿನ ಮೇಲೆ ಕೊಡುವ ಪದ್ಧತಿಯಿದ್ದಿತು. ಹೆಸರಿನಲ್ಲಿಯೇ ‘ಶೇತ’ವೆಂದರೆ ಹೊಲ, ‘ಸನದು’ ಎಂದರೆ ಅಪ್ಪಣೆಯ ಪತ್ರ. ಸಂಬಳದ ಸಿಪಾಯಿಯು ಕೈ ಸೋತ ದಿನವೇ ಸಂಬಳವನ್ನು ಕಳೆದುಕೊಳ್ಳುವನು. ಶೇತಸನದಿಯ ಮನೆಯಲ್ಲಿ ಹಾಗಲ್ಲ: ಚಾಕರಿಯು ಮಗನಿಗೆ ಇಳಿದರೂ ಹೊಲವು ಮನೆಯಲ್ಲಿಯೇ ಉಳಿಯುತ್ತಿದ್ದಿತು, ಅದರ ಕಾಳನ್ನು ತಂದೆಯೂ ಉಣ್ಣುತ್ತಿದ್ದನು.

೧೮೨೪ರ ಸೆಪ್ಟಂಬರದಲ್ಲಿ ಶಿವಲಿಂಗರುದ್ರ ಸರ್ಜನು ತೀರಿಕೊಂಡನು. ಆತನಿಗೆ ದತ್ತು ತೆಗೆದುಕೊಂಡ ಶಿವಲಿಂಗಪ್ಪನ ಹಕ್ಕನ್ನು ಧಾರವಾಡದ ಕಲೆಕ್ಟರ ಥ್ಯಾಕರೆಯು ಮನ್ನಿಸಲಿಲ್ಲ. ಅಕ್ಟೋಬರ ೨೩ರ ಕಾಳಗದಲ್ಲಿ ಥ್ಯಾಕರೆಯು ಮಡಿದನು. ಡಿಸೆಂಬರದಲ್ಲಿ ಕೋಟೆಯು ಇಂಗ್ಲಿಷರ ವಶವಾಯಿತು. ದತ್ತಕದ ಈ ವಾದವನ್ನು ಸಿಂಹಾಸನದ ವಾದವೆಂದು ಮಾತ್ರ ನೋಡುವದು ವಾಡಿಕೆಯಾಗಿದೆ. ಆದರೆ ಹಿಂದೂ ಮನೆಗಳಲ್ಲಿ ದತ್ತಕವು ಪಿಂಡೋದಕಗಳಿಗಾಗಿ ಎಷ್ಟೋ, ಮನೆಯಲ್ಲುಳಿದ ಹೆಂಗಸರ ಮುಪ್ಪಿನ ಆಸರೆಗಾಗಿಯೂ ಅಷ್ಟೇ ನಡೆಯುತ್ತಿದ್ದಿತು. ವಾರಸನು ಇಲ್ಲವೆಂದು ಸರಕಾರವು ತೀರ್ಮಾನಿಸಿದರೆ ವಿಧವೆಯರು ತಮ್ಮ ಸ್ವಂತ ಹಕ್ಕಿನ ಅನ್ನದಿಂದ ಪರರ ಕೃಪೆಯ ಅನ್ನಕ್ಕೆ ಇಳಿಯಬೇಕಾಗುತ್ತಿದ್ದಿತು. ಮಲ್ಲಸರ್ಜನ ವಿಧವೆಯಾದ ರಾಣಿ ಚೆನ್ನಮ್ಮನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿದ್ದು ೧೮೨೯ರಲ್ಲಿ ತೀರಿಕೊಂಡಳು. ಆಗ ಆಕೆಗೆ ಸುಮಾರು ೫೦ ವರ್ಷ.

ಅರಮನೆಗೆ ಬಂದ ಆಪತ್ತು ಹಳ್ಳಿಗಳಿಗೂ ಇಳಿಯಿತು. ಶೇತಸನದಿಗಳ ಹೊಲಗಳನ್ನು ಸರಕಾರಕ್ಕೆ ಹಿಂದಕ್ಕೆ ತೆಗೆದುಕೊಳ್ಳುವ, ಉಳಿದವುಗಳ ಮೇಲೆ ಸಾರೆಯನ್ನು ಹೆಚ್ಚಿಸುವ ಕ್ರಮವು ನಡೆಯಿತು. ಸಂಗೊಳ್ಳಿಯ ರಾಯಣ್ಣನು ಇಂಥ ಒಬ್ಬ ಶೇತಸನದಿಯಾಗಿದ್ದನು. ಶಿವಲಿಂಗಪ್ಪನನ್ನು ಗಾದಿಯ ಮೇಲೆ ಕೂಡ್ರಿಸುವದಕ್ಕಾಗಿ ಆತನು ಹೂಡಿದ ಬಂಡಾಯವು ೧೮೩೦ರಲ್ಲಿ ಮುರಿದು, ೧೮೩೧ರ ಜನವರಿಯಲ್ಲಿ ಆತನನ್ನು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ರಾಯಣ್ಣನ ಸುತ್ತ ಜನರು ನೆರೆದುದಕ್ಕೆ ರಾಜನಿಷ್ಠೆಯು ಒಂದು ಕಾರಣ. ಹೊಲ ಹೋದ ಮನೆಗಳಲ್ಲಿ ಮುದುಕರಿಗೂ ಮಕ್ಕಳಿಗೂ ಕೂಳಿಲ್ಲದಂತಾದುದು ಮತ್ತೊಂದು ಕಾರಣವಾಗಿರಲೇಬೇಕು.

೩. ವತನದ ಕಾಯದೆಗಳು

೧೮೫೨ರ ಹನ್ನೊಂದನೆಯ ಕಾಯದೆಯಿಂದ ಇನಾಮುಗಳ ಪರಿಶೋಧನೆಯು ಅಧಿಕೃತವಾಗಿ ನಡೆದು, ಮನೆಮನೆಯ ಸನದುಗಳು ಇನಾಮ ಕಮಿಶನ್ನಿನ ಮುಂದೆ ಬರಬೇಕಾಯಿತು. ೧೮೬೩ರ ಕಾಯದೆಗಳು ಗೊತ್ತಾದ ಕರವನ್ನು ಒಪ್ಪಿಕೊಂಡವರಿಗೆ ಇನಾಮನ್ನು ಸ್ಥಿರಪಡಿಸಿದವು. ೧೮೭೪ರ ಮೂರನೆಯ ಮುಂಬಯಿ ಕಾಯದೆಯು ಪಾಟೀಲ, ಕುಲಕರ್ಣಿ ಮೊದಲಾದ ವತನದಾರರ ಹಕ್ಕುಬಾಧ್ಯತೆಗಳನ್ನು ಒಂದು ಕಟ್ಟಿಗೆ ತಂದಿತು. ಇದರಲ್ಲಿ ಚಾಕರಿಯ ಹಕ್ಕುಳ್ಳ ವತನದಾರನು ತನ್ನ ಪರವಾಗಿ ಮತ್ತೊಬ್ಬನನ್ನು ನೇಮಿಸುವದಕ್ಕೆ ಆಸ್ಪದವಿದ್ದಿತು. ನಡೆದಾಡಲಾರದ ಮುದಿ ಪಾಟೀಲನು ಮಗನನ್ನೋ ಭಾವುಬಂದನನ್ನೋ ಕೆಲಸಕ್ಕೆ ನಿಲ್ಲಿಸಿ ವತನವನ್ನು ಉಳಿಸಿಕೊಳ್ಳಬಹುದಾಗಿತ್ತು. ೧೮೮೬ರ ಐದನೆಯ ಕಾಯದೆಯು ವತನದ ಮನೆಯ ಹೆಣ್ಣುಮಕ್ಕಳ ಹಕ್ಕನ್ನು ಗಂಡು ಭಾಗಿಗಳ ಹಿಂದಕ್ಕೆ ತಳ್ಳಿತು. ಆದರೆ ಕಡೆಯ ವತನದಾರನ ವಿಧವೆಗೆ ಮಾತ್ರ ಜೀವಮಾನದ ಅಥವಾ ಮರುಮದುವೆಯ ವರೆಗಿನ ಭೋಗವನ್ನು ಉಳಿಸಿತು. ಮುದುಕಿಯಾದ ತಾಯಿಗೆ ಅನ್ನವು ದೊರೆಯಿತು, ಮಗಳಿಗೆ ಹೊಲವು ತಪ್ಪಿತು. ಈ ಭೇದದ ಫಲವು ಸವದತ್ತಿಯ ಪ್ರಕರಣದಲ್ಲಿ ಮತ್ತೆ ಗೋಚರಿಸುವದು.

ವತನವಿಲ್ಲದ ಕಸುಬುದಾರರಿಗೆ ಆಯದ ಪಾಲು ಇದ್ದಿತು. ಬಡಿಗ, ಕಮ್ಮಾರ, ಕುಂಬಾರ, ನಾವಿಗ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ ಕಣದ ರಾಶಿಯಿಂದ ಕಾಳು ಸಲ್ಲುತ್ತಿದ್ದಿತು. ಈ ಕಾಳು ಮನೆಗೆ ಸಂದುದೇ ಹೊರತು ಉಳಿ ಹಿಡಿದ ಕೈಗೆ ಸಂದುದಲ್ಲ. ತಂದೆಯು ಬಿಟ್ಟ ಉಳಿಯನ್ನು ಮಗನು ಹಿಡಿದರೆ ಆಯವು ತಪ್ಪುತ್ತಿದ್ದಿಲ್ಲ. ಕೂಲಿಯ ಆಳಿಗೆ ಮಾತ್ರ ಇದಾವುದೂ ಇದ್ದಿಲ್ಲ. ಆತನ ಮುಪ್ಪು ಆತನ ಮಕ್ಕಳ ಕೂಲಿಯನ್ನೇ ಅವಲಂಬಿಸಿದ್ದಿತು.

ಈ ವ್ಯವಸ್ಥೆಯ ಬಿರುಕು ೧೮೭೬–೭೮ರ ಬರದಲ್ಲಿ ಬಯಲಾಯಿತು. ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಈ ಬರದಿಂದ ಬಹಳವಾಗಿ ನೊಂದವು. ಕಣದಲ್ಲಿ ರಾಶಿಯೇ ಇಲ್ಲದಾಗ ಆಯವೆಲ್ಲಿಯದು? ಹಗೇವುಗಳು ಬರಿದಾದಾಗ ಧರ್ಮಕ್ಕೆ ಕಾಳೆಲ್ಲಿಯದು? ಸರಕಾರವು ಗಟ್ಟಿಮುಟ್ಟಾದವರಿಗೆ ಕೆರೆ–ರಸ್ತೆಗಳ ಕೆಲಸವನ್ನು ತೆರೆಯಿತು. ಬಳಿಕ ರಚಿತವಾದ ಬರಗಾಲದ ನಿಯಮಾವಳಿಗಳು ದುಡಿಯಲಾರದವರಾಗಿ, ಸಾಕುವ ಬಂಧುಗಳೂ ಇಲ್ಲದವರಿಗೆ ಕೆಲಸವಿಲ್ಲದೆ ಸಹಾಯವನ್ನು ಕೊಡಬೇಕೆಂದು ಗೊತ್ತುಪಡಿಸಿದವು. ಕುಲ–ವೃತ್ತಿಗಳನ್ನು ಕೇಳದೆ, ಅಶಕ್ತತೆಯನ್ನೇ ಹಕ್ಕಿಗೆ ಕಾರಣವೆಂದು ಬಗೆದ ಈ ಪಟ್ಟಿಗಳಲ್ಲಿ ಮುಂದಿನ ಮಾಸಾಶನದ ಬೀಜವಿದೆ. ಬರವು ಮುಗಿದೊಡನೆ ಪಟ್ಟಿಯೂ ಮುಗಿಯುತ್ತಿದ್ದಿತೆಂಬುದನ್ನು ಮಾತ್ರ ಮರೆಯಲಾಗದು.

೪. ಮಗ್ಗವೂ ಗುಡ್ಡವೂ

ರಾಮದುರ್ಗದ ಕಡೆಗೆ ನೇಕಾರಿಕೆಯು ಜನರ ಮುಖ್ಯ ಕಸುಬುಗಳಲ್ಲೊಂದು. ಕೈಮಗ್ಗದ ಮನೆಯಲ್ಲಿ ಮುದುಕರು ಪೂರ್ಣ ನಿರುಪಯೋಗಿಗಳಾಗುವ ವಯಸ್ಸು ಬಹಳ ತಡವಾಗಿ ಬರುವದು. ಮಗ್ಗದ ಕುಣಿಯಲ್ಲಿ ಕೂಡ್ರಲಾರದವನು ನೂಲನ್ನು ಬಿಡಿಸುವನು, ಕಂಡಿಕೆಯನ್ನು ಸುತ್ತುವನು. ಅಜ್ಜಿಯ ಕೈಯ ರಾಟಿಯು ನಿಂತರೆ ಮಗನ ಲಾಳಿಯೂ ನಿಲ್ಲುವದು. ಹೀಗೆ ಹಿರಿಯರ ಮಾತಿಗೆ ಬೆಲೆಯಿದ್ದುದು ಅವರ ವಯಸ್ಸಿನಿಂದ ಮಾತ್ರವಲ್ಲ, ಅವರ ಕೆಲಸದಿಂದಲೂ ಅಹುದು. ವಿದ್ಯುತ್ತಿನ ಮಗ್ಗವು ಬಂದ ಮೇಲೆ ಈ ಬಿಡಿಗೆಲಸಗಳು ಯಂತ್ರದ ಪಾಲಾದವು. ಮುದುಕನು ಮನೆಯಲ್ಲಿಯೇ ಉಳಿದನು, ಆದರೆ ಉತ್ಪತ್ತಿಯಿಂದ ಹೊರಗಾದನು.

ಸವದತ್ತಿಯ ಯಲ್ಲಮ್ಮನ ಗುಡ್ಡದ ವಿಷಯವು ಇನ್ನೂ ಗಹನವಾದುದು. ದೇವಿಗೆ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಗೆ ಹರಕೆ, ರೋಗ, ಜಡೆಗಟ್ಟುವಿಕೆ ಮುಂತಾದ ಕಾರಣಗಳನ್ನು ಹೇಳುವದುಂಟು. ಆದರೆ ಗಂಡು ಸಂತಾನವಿಲ್ಲದ ಬಡ ಮನೆಗಳಲ್ಲಿ ಮತ್ತೊಂದು ಕಾರಣವು ಬಲವಾಗಿದ್ದಿತು. ಮದುವೆಯಾದ ಮಗಳು ಪರರ ಮನೆಗೆ ಹೋಗುವಳು. ಬಿಟ್ಟ ಮಗಳು ತವರಿನಲ್ಲಿಯೇ ಉಳಿದು ಮಗನ ಸ್ಥಾನವನ್ನು ಹೊಂದುವಳು, ಮನೆಗೂ ಹೊಲಕ್ಕೂ ವಾರಸಳಾಗಿ ಮುದಿ ತಾಯಿತಂದೆಗಳನ್ನು ಸಾಕುವಳು. ಹಿರಿಯರ ಮುಪ್ಪಿನ ಭದ್ರತೆಗೆ ಮಗಳ ಬಾಳನ್ನೇ ಒತ್ತೆಯಿಟ್ಟಂತಾಯಿತು. ಈ ಹೆಣ್ಣುಮಕ್ಕಳು ಹೆಚ್ಚಾಗಿ ಹೊಲವಿಲ್ಲದ, ಅಸ್ಪೃಶ್ಯವೆಂದು ದೂರವಿಡಲ್ಪಟ್ಟ ಕುಲಗಳವರು. ತಾಯಿತಂದೆಗಳನ್ನು ಸಾಕಿದ ಅವಳ ಸ್ವಂತ ಮುಪ್ಪಿಗೆ ದಿಕ್ಕು ಯಾರು ಎಂಬ ಪ್ರಶ್ನೆಗೆ ಪದ್ಧತಿಯಲ್ಲಿ ಉತ್ತರವಿದ್ದಿಲ್ಲ; ಜೋಳಿಗೆ–ಪಡಲಿಗೆಗಳೇ ಎಷ್ಟೋ ಮಂದಿಗೆ ಗತಿಯಾದವು.

೧೯೩೪ರ ಮುಂಬಯಿ ಕಾಯದೆಯು ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವದನ್ನು ಅಪರಾಧವೆಂದು ಸಾರಿತು. ಕರ್ನಾಟಕವು ೧೯೮೨ರಲ್ಲಿ ಇನ್ನೂ ಕಠಿನವಾದ ಕಾಯದೆಯನ್ನು ಮಾಡಿತು. ೧೯೯೩–೯೪ರ ಸರಕಾರೀ ಸಮೀಕ್ಷೆಯಲ್ಲಿ ೨೨,೮೭೩ ಮಂದಿ ಲೆಕ್ಕಕ್ಕೆ ಬಂದರು. ೨೦೦೭–೦೮ರ ಸಮೀಕ್ಷೆಯನ್ನು ಕೂಡಿಸಿದರೆ ಈ ಸಂಖ್ಯೆಯು ೪೬,೬೬೦ ಆಯಿತು. ಮಾಜಿ ದೇವದಾಸಿಯರಿಗೆ ಮಾಸಾಶನವನ್ನು ಕೊಡಲು ಆರಂಭವಾದುದು ಈ ಶತಮಾನದ ಮೊದಲ ದಶಕದಲ್ಲಿ. ಮೊದಲನೆಯ ನಿಷೇಧಕ್ಕೂ ಈ ಮಾಸಾಶನಕ್ಕೂ ನಡುವೆ ಎಪ್ಪತ್ತು ವರ್ಷಗಳು ಕಳೆದವು. ಪದ್ಧತಿಯನ್ನು ನಿಲ್ಲಿಸುವದು ಬೇರೆ, ಪದ್ಧತಿಗೆ ಬಲಿಯಾದವರ ಮುಪ್ಪನ್ನು ಸಾಗಿಸುವದು ಬೇರೆ ಎಂಬುದು ಈ ಅಂತರದಿಂದ ಸಿದ್ಧವಾಗುವದು.

೫. ಹೊಲವು ಹೋಗಿ ಹಣವು ಬಂದುದು

ಸ್ವಾತಂತ್ರ್ಯಾನಂತರ ೧೯೫೦ರ ಮುಂಬಯಿ ಕಾಯದೆಯು ಪರಗಣೆ–ಕುಲಕರ್ಣಿ ವತನಗಳನ್ನೂ, ೧೯೬೧ರ ಗ್ರಾಮಾಧಿಕಾರ ನಿರ್ಮೂಲನ ಕಾಯದೆಯು ಉಳಿದ ಹಳ್ಳಿಯ ವತನಗಳನ್ನೂ ಕೊನೆಗಾಣಿಸಿದವು. ೧೯೭೪ರ ಭೂಸುಧಾರಣೆಯಿಂದ ಅನೇಕ ಗೇಣಿದಾರರು ಹೊಲದ ಒಡೆಯರಾದರು. ಹುಟ್ಟಿನ ಹಕ್ಕಿನಿಂದ ಬಂದ ಅಧಿಕಾರವು ಹೋದುದು ನ್ಯಾಯವೇ ಸರಿ. ಅದರೊಡನೆ ಹಳ್ಳಿಯ ಚಾಕರಿಗೆ ಸಂಬಳವು ಬಂದಿತು, ಕಣದ ಕಾಳು ಕೂಲಿಯಾಯಿತು. ನವಿಲುತೀರ್ಥದ ಅಣೆಕಟ್ಟಿನ ನೀರಿನಲ್ಲಿ ಹೊಲಗಳನ್ನು ಕಳೆದುಕೊಂಡವರಿಗೂ ಪರಿಹಾರವು ಹಣದ ರೂಪದಲ್ಲಿ ಬಂದಿತು. ಹೊಲವು ಮುದುಕನ ಹೆಸರಿನಲ್ಲಿರುವ ವರೆಗೆ ಮಕ್ಕಳು ಸುತ್ತಲಿರುವರು. ಹಣವು ಪಾಲಾದ ದಿನವೇ ಮುಗಿಯುವದು. ಪಾಲಾದ ಮನೆಗಳಲ್ಲಿ ತಾಯಿಯು ಒಬ್ಬ ಮಗನ ಬಳಿ, ತಂದೆಯು ಮತ್ತೊಬ್ಬನ ಬಳಿ ಉಣ್ಣುವದು, ಇಲ್ಲವೆ ತಿಂಗಳ ಪಾಳಿಯಂತೆ ಮನೆಯಿಂದ ಮನೆಗೆ ತಿರುಗುವದು ಈ ಸೀಮೆಯಲ್ಲಿ ಹೊಸ ಸಂಗತಿಯಲ್ಲ.

ಈ ತೆರವನ್ನು ತುಂಬಲು ರಾಜ್ಯವು ೧೯೬೦ರ ದಶಕದ ಮಧ್ಯದಲ್ಲಿ ವೃದ್ಧಾಪ್ಯ ವೇತನವನ್ನು ತಂದಿತು. ೧೯೯೫ರ ಆಗಸ್ಟ ೧೫ರಿಂದ ಕೇಂದ್ರ ಸರಕಾರವು ತಿಂಗಳಿಗೆ ೭೫ ರೂಪಾಯಿಗಳಂತೆ ರಾಷ್ಟ್ರೀಯ ಯೋಜನೆಯನ್ನು ಆರಂಭಿಸಿತು. ೨೦೦೭ರಲ್ಲಿ ಕರ್ನಾಟಕದ ಸಂಧ್ಯಾ ಸುರಕ್ಷಾ ಯೋಜನೆಯು ೬೫ ವರ್ಷ ದಾಟಿದ ಸಣ್ಣ ಹಿಡುವಳಿದಾರರು, ಕೃಷಿ ಕೂಲಿಗಳು, ನೇಕಾರರು ಮೊದಲಾದವರಿಗೆ ತಿಂಗಳಿಗೆ ೪೦೦ ರೂಪಾಯಿಗಳನ್ನು ಗೊತ್ತುಮಾಡಿತು. ೨೦೨೧ರಲ್ಲಿ ಇದು ೧,೨೦೦ಕ್ಕೆ ಏರಿತು. ವತನವು ಕಾಣದ ಕೂಲಿಯವನನ್ನು, ಆಯವು ಕಾಣದ ವಿಧವೆಯನ್ನು ಈ ಮಾಸಾಶನವು ಕಂಡಿತೆಂಬುದು ಅದರ ಹಿರಿಮೆ. ೨೦೧೧ರ ಜನಗಣತಿಯಲ್ಲಿ ರಾಜ್ಯದ ಜನರಲ್ಲಿ ನೂರಕ್ಕೆ ಸುಮಾರು ೯.೫ ಮಂದಿ ೬೦ ದಾಟಿದವರಾಗಿದ್ದರೆಂಬುದನ್ನು ನೆನೆದರೆ ಅದರ ವ್ಯಾಪ್ತಿಯು ಅರಿವಾಗುವದು. ಅದರ ಕೊರತೆಯಾದರೋ, ಸುಗ್ಗಿಯ ಪಾಲು ಕಾಳಿನಲ್ಲಿದ್ದುದರಿಂದ ಬೆಲೆ ಏರಿದರೂ ಹೊಟ್ಟೆಗೆ ಕಡಿಮೆಯಾಗುತ್ತಿದ್ದಿಲ್ಲ. ರೂಪಾಯಿಯ ಪಾಲು ಬೆಲೆ ಏರಿದಂತೆ ಕರಗುವದು.

೧೯೫೬ರ ದತ್ತಕ–ಪೋಷಣ ಕಾಯದೆಯು ವೃದ್ಧ ತಾಯಿತಂದೆಗಳ ಪೋಷಣದ ಹೊಣೆಯನ್ನು ಮಗಳ ಮೇಲೂ ಹೊರಿಸಿತು. ಪಿತ್ರಾರ್ಜಿತದಲ್ಲಿ ಆಕೆಗೆ ಮಗನ ಸಮಾನ ಹಕ್ಕು ಬಂದುದು ಮಾತ್ರ ರಾಜ್ಯದಲ್ಲಿ ೧೯೯೪ರ, ದೇಶದಲ್ಲಿ ೨೦೦೫ರ ತಿದ್ದುಪಡಿಗಳಿಂದ. ದೇವಿಗೆ ಬಿಡದೆಯೇ ಮಗಳು ವಾರಸಳಾಗಬಹುದಾದ ದಾರಿಯು ಹೀಗೆ ತೆರೆಯಿತು. ೨೦೦೭ರ ತಾಯಿತಂದೆ ಹಾಗೂ ಹಿರಿಯ ನಾಗರಿಕರ ಪೋಷಣ ಕಾಯದೆಯ ೨೩ನೆಯ ಕಲಮು ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ಸಾಕುವ ಕರಾರಿನ ಮೇಲೆ ಆಸ್ತಿಯನ್ನು ಪಡೆದವನು ಸಾಕದಿದ್ದರೆ ಆ ವರ್ಗಾವಣೆಯನ್ನು ರದ್ದುಗೊಳಿಸಬಹುದು. ಈ ಬಗೆಯ ಅರ್ಜಿಗಳನ್ನು ಉಪವಿಭಾಗಾಧಿಕಾರಿಯ ಮುಂದೆ ಕೊಡಬೇಕಾಗಿದ್ದು, ಬೈಲಹೊಂಗಲವು ಅಂಥ ಉಪವಿಭಾಗದ ಕೇಂದ್ರವಾಗಿದೆ.

ಮೇಲಿನ ವಿವೇಚನೆಯಿಂದ ಒಂದು ಸಂಗತಿಯು ಸ್ಥಿರಪಡುವದು. ಈ ಸೀಮೆಯಲ್ಲಿ ಮುದುಕರನ್ನು ಸಾಕಿದುದು ಬರಿಯ ಮಮತೆಯಲ್ಲ, ಹಕ್ಕಿನೊಡನೆ ಕೂಡಿದ ಮಮತೆ. ಮತ್ತರು, ಸನದು, ವತನ, ಆಯ, ರಾಟಿ ಇವುಗಳಲ್ಲಿ ಯಾವುದಾದರೊಂದು ಮುದುಕನ ಕೈಯಲ್ಲಿದ್ದಷ್ಟು ಕಾಲ ಮಮತೆಗೆ ನೆಲೆಯಿದ್ದಿತು. ಅದು ಜಾರಿದಲ್ಲಿ ಹಳೆಯ ಕಾಲದಲ್ಲಿಯೂ ಜೋಳಿಗೆಯೇ ಗತಿಯಾಯಿತು. ಆದ್ದರಿಂದ ಹಿಂದಿನವರ ಮನಸ್ಸು ಒಳ್ಳೆಯದು, ಇಂದಿನವರದು ಕೆಟ್ಟುದು ಎಂಬ ತೀರ್ಪಿಗೆ ಇತಿಹಾಸದ ಆಧಾರವು ಸಾಲದು. ಮಾಸಾಶನದ ಮೊತ್ತವನ್ನು ಗೊತ್ತುಪಡಿಸುವವರೂ, ಆಸ್ತಿಯ ಪತ್ರಕ್ಕೆ ರುಜು ಹಾಕುವ ಮುದುಕರೂ, ಈ ನಾಲ್ಕು ಊರುಗಳ ಅನುಭವವನ್ನು ಗಮನಿಸುವದು ಉಚಿತವಾಗಿದೆ. ಸಾಕುವ ಕರಾರನ್ನು ಪತ್ರದಲ್ಲಿ ಬರೆಯಿಸದೆ ಹೊಲವನ್ನು ಕೊಟ್ಟವನಿಗೆ ಕಾಯದೆಯೂ ಪೂರ್ಣವಾಗಿ ನೆರವಾಗುವದು ಕಠಿನ.