ಎಂಟು ದಿನದ ಸಾಲದ ರೊಟ್ಟಿ



ಭಾನುವಾರದ ಸಂಜೆ ಮನೆಯ ಮಕ್ಕಳು ಪಿಜ್ಜಾ ಬೇಕೆಂದು ಹಟ ಹಿಡಿದ ಅನುಭವ ನಿಮ್ಮಲ್ಲಿ ಅನೇಕರಿಗೆ ಇರಬಹುದು. ನೀವು ಅದನ್ನು ಅಂಗಡಿಯಿಂದ ತರಿಸಿಕೊಟ್ಟಿರಬಹುದು. ಇಲ್ಲವೇ ‘ಅದೆಲ್ಲ ದುಡ್ಡಿದ್ದವರ ಷೋಕಿ, ನಮ್ಮಂಥವರ ಊಟವಲ್ಲ’ ಎಂದು ಗದರಿ ಸುಮ್ಮನಾಗಿಸಿರಬಹುದು. ಎರಡೂ ಸಂದರ್ಭಗಳಲ್ಲಿ ನಾವು ಒಂದು ಸಂಗತಿಯನ್ನು ಮರೆತಿರುತ್ತೇವೆ. ಇಂದು ಬಣ್ಣದ ಪೆಟ್ಟಿಗೆಯಲ್ಲಿ ಮನೆ ಬಾಗಿಲಿಗೆ ಬರುವ ಈ ತಿನಿಸು ರೂಪುಗೊಂಡದ್ದು ಸಿರಿವಂತರ ಅಡುಗೆಮನೆಯಲ್ಲಿ ಅಲ್ಲ, ಅಡುಗೆಮನೆಯೇ ಇಲ್ಲದವರ ಬೀದಿಗಳಲ್ಲಿ. ಅದರ ಚರಿತ್ರೆಯನ್ನು ಸ್ವಲ್ಪ ನೋಡೋಣ.

ರೋಮಿಗೂ ನೇಪಲ್ಸಿಗೂ ನಡುವೆ ಕಡಲತೀರದಲ್ಲಿ ಗಯೇತಾ ಎಂಬ ಪಟ್ಟಣವಿದೆ. ಅಲ್ಲಿನ ಕ್ರಿ.ಶ. 997ರ ಲ್ಯಾಟಿನ್ ಗೇಣಿಪತ್ರವೊಂದರಲ್ಲಿ ‘ಪಿಜ್ಜಾ’ ಎಂಬ ಪದ ಕಾಣಿಸಿಕೊಳ್ಳುತ್ತದೆ. ಗೇಣಿದಾರನು ಪ್ರತಿವರ್ಷ ಕ್ರಿಸ್‌ಮಸ್ ದಿನ ಹನ್ನೆರಡು, ಪಾಸ್ಖ ಹಬ್ಬದ ದಿನ ಮತ್ತೆ ಹನ್ನೆರಡು ಪಿಜ್ಜಾಗಳನ್ನು ಗಯೇತಾದ ಧರ್ಮಾಧ್ಯಕ್ಷರಿಗೆ ಸಲ್ಲಿಸತಕ್ಕದ್ದು ಎಂಬುದು ಅದರ ಕರಾರು. ಸಾವಿರ ವರ್ಷಗಳ ಹಿಂದೆ ಅದು ಹಬ್ಬದ ಕಾಣಿಕೆಯಾಗಿತ್ತು ಎಂಬುದು ನಮಗೆ ಸೋಜಿಗವೆನಿಸುತ್ತದೆ. ಆದರೆ ಅದರ ಮೇಲೆ ಟೊಮ್ಯಾಟೊ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಏಕೆಂದರೆ ಟೊಮ್ಯಾಟೊ ಅಮೆರಿಕ ಖಂಡದ ಬೆಳೆ. ಅದು ಯೂರೋಪಿಗೆ ಬಂದದ್ದು 16ನೆಯ ಶತಮಾನದಲ್ಲಿ, ಸ್ಪೇನ್ ದೇಶದವರ ಮೂಲಕ. ಬಹುಕಾಲ ಜನ ಅದನ್ನು ವಿಷದ ಹಣ್ಣೆಂದು ಶಂಕಿಸಿದರು. ಸ್ಪೇನಿನ ಆಳ್ವಿಕೆಯಲ್ಲಿದ್ದ ನೇಪಲ್ಸಿನಲ್ಲಿ 1690ರ ದಶಕದಲ್ಲಿ ಅಂತೋನಿಯೊ ಲತೀನಿ ಪ್ರಕಟಿಸಿದ ಪಾಕಗ್ರಂಥದಲ್ಲಿ ಟೊಮ್ಯಾಟೊ ಗೊಜ್ಜಿನ ವಿಧಾನ ಕಾಣಿಸಿಕೊಂಡಿತು. ಆ ಬಳಿಕ ಅಗ್ಗವಾಗಿ ಬೆಳೆಯುವ ಈ ಕೆಂಪು ಹಣ್ಣು ಮೆಲ್ಲಮೆಲ್ಲನೆ ಬಡವರ ರೊಟ್ಟಿಯನ್ನು ಏರಿತು.

18ನೆಯ ಶತಮಾನದ ಕೊನೆಗೆ ನೇಪಲ್ಸ್ ಯೂರೋಪಿನ ಅತಿ ದೊಡ್ಡ ನಗರಗಳಲ್ಲಿ ಒಂದಾಗಿತ್ತು. ಅಲ್ಲಿನ ಬಡಜನರು ‘ಬಾಸ್ಸೊ’ ಎಂದು ಕರೆಯಲಾಗುವ, ನೇರವಾಗಿ ಬೀದಿಗೆ ಬಾಗಿಲು ತೆರೆಯುವ ಒಂದೇ ಕೋಣೆಯ ಮನೆಗಳಲ್ಲಿ ಇಕ್ಕಟ್ಟಾಗಿ ಬದುಕುತ್ತಿದ್ದರು. ಅಷ್ಟು ಜಾಗದಲ್ಲಿ ಒಲೆ ಹೂಡುವುದೆಲ್ಲಿ? ಬೀದಿಯಲ್ಲಿ ನಿಂತು ಕೈಯಲ್ಲಿ ಹಿಡಿದು ತಿನ್ನಬಹುದಾದ, ಹೊಟ್ಟೆ ತುಂಬಿಸುವ, ಕಾಸಿಗೆ ಸಿಗುವ ಆಹಾರ ಅವರಿಗೆ ಬೇಕಾಗಿತ್ತು. ಪಿಜ್ಜಾ ಅಂಥದಾಗಿತ್ತು. ಫ್ರೆಂಚ್ ಕಾದಂಬರಿಕಾರ ಅಲೆಕ್ಸಾಂದ್ರ್ ದ್ಯೂಮಾ ಅಲ್ಲಿಗೆ ಭೇಟಿ ನೀಡಿ 1843ರಲ್ಲಿ ಪ್ರಕಟಿಸಿದ ಪ್ರವಾಸ ಕಥನದಲ್ಲಿ, ಬೇಸಿಗೆಯಲ್ಲಿ ಕಲ್ಲಂಗಡಿ, ಚಳಿಗಾಲದಲ್ಲಿ ಪಿಜ್ಜಾ, ಇವೆರಡೇ ಈ ಬಡವರ ಆಹಾರ ಎಂದು ಬರೆದಿದ್ದಾನೆ. ಎರಡು ‘ಸೂ’ ಬೆಲೆಯ ಒಂದು ಪಿಜ್ಜಾ ಇಡೀ ಕುಟುಂಬದ ಹಸಿವನ್ನು ನೀಗಬೇಕಾಗಿತ್ತು. ಮೀನಿನ ಪಿಜ್ಜಾದ ಬೆಲೆ ಇಳಿದರೆ ಕಡಲಲ್ಲಿ ಮೀನು ಚೆನ್ನಾಗಿ ಸಿಕ್ಕಿದೆ ಎಂದೂ, ಎಣ್ಣೆಯ ಪಿಜ್ಜಾದ ಬೆಲೆ ಏರಿದರೆ ಆಲಿವ್ ಫಸಲು ಕೆಟ್ಟಿದೆ ಎಂದೂ ತಿಳಿಯಬಹುದಾಗಿತ್ತಂತೆ.

ಬಡವರ ಊಟಕ್ಕೆ ಬಲ್ಲವರಿಂದ ಗೌರವ ದೊರೆಯಲಿಲ್ಲ. ಟೆಲಿಗ್ರಾಫ್ ಖ್ಯಾತಿಯ ಸ್ಯಾಮ್ಯುಯೆಲ್ ಮೋರ್ಸ್ 1830ರ ದಶಕದಲ್ಲಿ ಅದನ್ನು ಕಂಡು ಹೇಸಿ ಬರೆದನು. ‘ಪಿನೋಕಿಯೊ’ ಕಥೆಯಿಂದ ಲೋಕದ ಮಕ್ಕಳಿಗೆಲ್ಲ ಪ್ರಿಯನಾದ ಕಾರ್ಲೊ ಕೊಲ್ಲೋದಿ ಕೂಡ 1886ರ ತನ್ನ ಪುಸ್ತಕವೊಂದರಲ್ಲಿ ಪಿಜ್ಜಾ ಮಾರುವವನಿಗೂ ಪಿಜ್ಜಾಗೂ ಕೊಳಕೇ ಸಮಾನ ಲಕ್ಷಣವೆಂಬಂತೆ ಚಿತ್ರಿಸಿದನು. 1884ರಲ್ಲಿ ಕಾಲರಾ ರೋಗ ನೇಪಲ್ಸಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಾಗ, ಪತ್ರಕರ್ತೆ ಮತಿಲ್ದೆ ಸೆರಾವೊ ‘ನೇಪಲ್ಸಿನ ಹೊಟ್ಟೆ’ ಎಂಬ ಅರ್ಥದ ಹೆಸರಿನ ಲೇಖನಮಾಲೆಯನ್ನು ಬರೆದಳು. ಕೊಳಚೆ ಕೇರಿಗಳನ್ನು ಕೆಡವಿದರೆ ಸಾಲದು, ಅಲ್ಲಿಯ ಮನುಷ್ಯರನ್ನು ನೋಡಿರಿ ಎಂಬುದು ಸರ್ಕಾರಕ್ಕೆ ಅವಳು ಮಾಡಿದ ಒತ್ತಾಯ. ಅವಳ ಬರಹದಲ್ಲಿ ಒಬ್ಬ ಹುಡುಗ ಬರುತ್ತಾನೆ. ಅಂಗಡಿಯವನು ಪಿಜ್ಜಾವನ್ನು ಒಂದೊಂದು ಸೋಲ್ದೊ ಬೆಲೆಯ ತುಂಡುಗಳಾಗಿ ಕತ್ತರಿಸಿ ಅವನ ಕೈಗೆ ಕೊಡುತ್ತಾನೆ. ಹುಡುಗ ಬೀದಿಯ ಮೂಲೆಯಲ್ಲಿ ಅದನ್ನು ಹರಡಿಕೊಂಡು, ತುಂಡುಗಳು ಚಳಿಗೆ ಗಟ್ಟಿಯಾಗುತ್ತಿರಲು, ಬಿಸಿಲಿಗೆ ಹಳದಿಯಾಗುತ್ತಿರಲು, ನೊಣ ಮುತ್ತುತ್ತಿರಲು, ದಿನವಿಡೀ ನಿಂತೇ ಇರುತ್ತಾನೆ. ಶಾಲೆಗೆ ಹೋಗುವ ಮಕ್ಕಳಿಗಾಗಿ ಇನ್ನೂ ಚಿಕ್ಕ, ಎರಡು ಚೆಂತೇಸಿಮೊ ಬೆಲೆಯ ತುಂಡುಗಳೂ ಇದ್ದವು. ಉಳಿದವರು ತಿನಿಸನ್ನು ನೋಡಿ ಮೂಗು ಮುಚ್ಚಿಕೊಂಡಾಗ ಸೆರಾವೊ ಅದನ್ನು ಹಿಡಿದು ನಿಂತ ಹುಡುಗನನ್ನೂ ಕಂಡಳು.

ಇಷ್ಟಾಗಿ ಐದು ವರ್ಷಕ್ಕೆ, 1889ರ ಜೂನ್ ತಿಂಗಳಿನಲ್ಲಿ, ಇಟಲಿಯ ರಾಣಿ ಮಾರ್ಗರೀತಾ ನೇಪಲ್ಸಿಗೆ ಬಂದಾಗ ರಫಾಯೆಲೆ ಎಸ್ಪೋಸಿತೊ ಎಂಬ ಬಾಣಸಿಗನು ಟೊಮ್ಯಾಟೊ, ಮೊಝರೆಲ್ಲ ಚೀಸ್ ಮತ್ತು ನಮ್ಮಲ್ಲಿ ಕಾಮಕಸ್ತೂರಿ ಎನ್ನಲಾಗುವ ಬೇಸಿಲ್ ಎಲೆಗಳಿಂದ ರಾಷ್ಟ್ರಧ್ವಜದ ಮೂರು ಬಣ್ಣದ ಪಿಜ್ಜಾ ಮಾಡಿದನೆಂದೂ, ರಾಣಿ ಮೆಚ್ಚಿದ ಕಾರಣ ಅದಕ್ಕೆ ಅವಳ ಹೆಸರೇ ಬಂತೆಂದೂ ಒಂದು ಕಥೆ ಜಗತ್ತಿನಾದ್ಯಂತ ಪ್ರಚಲಿತವಾಗಿದೆ. ಆದರೆ ಅದಕ್ಕೆ ಆಧಾರವಾದ ಅರಮನೆಯ ಪತ್ರದ ಸಾಚಾತನವನ್ನು ಇತ್ತೀಚಿನ ಸಂಶೋಧಕರು ಪ್ರಶ್ನಿಸಿದ್ದಾರೆ. ಪಿಜ್ಜಾದ ಮೇಲೆ ತೆಳುವಾದ ಮೊಝರೆಲ್ಲ ಹೋಳುಗಳನ್ನೂ ಬೇಸಿಲ್ ಎಲೆಗಳನ್ನೂ ಹಾಕುವ ಪದ್ಧತಿ ರಾಣಿಯ ಭೇಟಿಗೆ ದಶಕಗಳ ಮೊದಲೇ ನೇಪಲ್ಸಿನ ಬೀದಿಗಳಲ್ಲಿ ಇತ್ತೆಂಬುದಕ್ಕೆ ಅಂದಿನ ಬರಹಗಳೇ ಸಾಕ್ಷಿ. ಬಡವರ ಕೈಯ ಅಡುಗೆಗೆ ಮಾನ ಬರಬೇಕಾದರೆ ಅರಮನೆಯ ಮುದ್ರೆ ಬೇಕೆಂದು ನಾವೇಕೆ ಭಾವಿಸುತ್ತೇವೆ? ಓದುಗರೇ, ಈ ಪ್ರಶ್ನೆ ಇಟಲಿಗೆ ಮಾತ್ರ ಸೇರಿದ್ದಲ್ಲ.

ಬೀದಿಯ ಪಿಜ್ಜಾದ ಜೊತೆಗೆ ಮನೆಯ ಪಿಜ್ಜಾದ ಚರಿತ್ರೆಯೂ ಇದೆ. ಅದನ್ನು ಬರೆದಿಟ್ಟವರು ಕಡಿಮೆ, ಏಕೆಂದರೆ ಅದು ಹೆಂಗಸರ ಕೈಯಲ್ಲಿತ್ತು. ದಕ್ಷಿಣ ಇಟಲಿಯ ಹಳ್ಳಿಗಳಲ್ಲಿ ಬ್ರೆಡ್ಡನ್ನು ದಿನವೂ ಸುಡುತ್ತಿರಲಿಲ್ಲ. ಅದಕ್ಕೆಂದು ಒಂದು ದಿನ ಗೊತ್ತಾಗಿರುತ್ತಿತ್ತು. ಹಿಂದಿನ ಸಲದ ಕಣಕದಲ್ಲಿ ಒಂದು ಹಿಡಿಯನ್ನು ಹುದುಗಿಗಾಗಿ ತೆಗೆದಿರಿಸುತ್ತಿದ್ದರು. ನೇಪಲ್ಸಿನ ಕಡೆ ಅದಕ್ಕೆ ‘ಕ್ರೀಷಿತೊ’ ಎಂದು ಹೆಸರು. ಒಬ್ಬಳ ಮನೆಯಲ್ಲಿ ಅದು ಕೆಟ್ಟರೆ ನೆರೆಯವಳಿಂದ ಕಡ ತರುತ್ತಿದ್ದಳು, ಮುಂದೆ ತನ್ನ ಕಣಕದಿಂದ ಹಿಂದಿರುಗಿಸುತ್ತಿದ್ದಳು. ನಾವು ಹೆಪ್ಪಿಗೆ ಮಜ್ಜಿಗೆ ಕೇಳಿ ತರುವಂತೆಯೇ ಅದು. ನಾದಿದ ಕಣಕದ ಮೇಲೆ ಶಿಲುಬೆಯ ಗುರುತು ಹಾಕಿ, ಬಟ್ಟೆ ಹೊದಿಸಿ, ಉಬ್ಬಲು ಬಿಡುತ್ತಿದ್ದರು. ಒಲೆ ಸರಿಯಾಗಿ ಕಾದಿದೆಯೇ ಎಂದು ಪರೀಕ್ಷಿಸಲು ಮೊದಲು ಒಂದು ಚಪ್ಪಟೆ ರೊಟ್ಟಿಯನ್ನು ತಟ್ಟಿ ಒಳಗೆ ಹಾಕುತ್ತಿದ್ದರು. ಎಣ್ಣೆ, ಉಪ್ಪು ಸವರಿದ ಆ ಬಿಸಿ ರೊಟ್ಟಿ ಸುತ್ತ ಕಾದು ನಿಂತ ಮಕ್ಕಳ ಪಾಲು.

ಎರಡನೆಯ ಮಹಾಯುದ್ಧದಲ್ಲಿ ನೇಪಲ್ಸ್ ಇಟಲಿಯಲ್ಲಿಯೇ ಅತಿ ಹೆಚ್ಚು ಬಾಂಬ್ ದಾಳಿಗೆ ತುತ್ತಾದ ನಗರಗಳಲ್ಲಿ ಒಂದಾಯಿತು. ಮನೆಗಳೊಂದಿಗೆ ಒಲೆಗಳೂ ಉರುಳಿದವು. ಮೊಝರೆಲ್ಲ ಕೈಗೆಟುಕದಾಯಿತು. ಆಗ ಹೆಂಗಸರು ತಮ್ಮ ಬಾಸ್ಸೊ ಮನೆಗಳ ಬಾಗಿಲಲ್ಲೇ ಬಾಣಲೆಯಿಟ್ಟು ಕಣಕವನ್ನು ಎಣ್ಣೆಯಲ್ಲಿ ಕರಿದು ಮಾರತೊಡಗಿದರು. ಕಣಕ ಎಣ್ಣೆಯಲ್ಲಿ ಉಬ್ಬಿ ದೊಡ್ಡದಾಗಿ ಕಾಣುತ್ತಿದ್ದುದರಿಂದ ಹಸಿದ ಕಣ್ಣಿಗೂ ಅದು ತೃಪ್ತಿ ಕೊಡುತ್ತಿತ್ತು. ಕೊಳ್ಳುವವರ ಬಳಿ ಹಣವಿಲ್ಲದಿದ್ದರೆ ‘ಇಂದಿಗೆ ಎಂಟು’ ಎಂಬ ವ್ಯವಸ್ಥೆಯಿತ್ತು. ಇಂದು ತಿನ್ನಿ, ಎಂಟನೆಯ ದಿನ ಹಣ ಕೊಡಿ. ಇಂದಿನ ದಿನವನ್ನೂ ಸೇರಿಸಿ ಎಣಿಸಿದರೆ ಅದು ಮುಂದಿನ ವಾರದ ಇದೇ ದಿನ. ವಿತ್ತೋರಿಯೊ ದೆ ಸೀಕಾ 1954ರಲ್ಲಿ ನಿರ್ದೇಶಿಸಿದ ‘ನೇಪಲ್ಸಿನ ಚಿನ್ನ’ ಎಂಬ ಚಲನಚಿತ್ರದಲ್ಲಿ ಸೋಫಿಯಾ ಲೋರೆನ್ ಇಂಥ ಸಾಲದ ಪಿಜ್ಜಾ ಮಾರುವವಳ ಪಾತ್ರ ವಹಿಸಿದ್ದಾಳೆ. ಮಾರುವವಳೂ ಬಡವಳೇ, ಕೊಳ್ಳುವವನೂ ಬಡವನೇ. ನಡುವೆ ಇದ್ದದ್ದು ನಂಬಿಕೆಯೊಂದೇ.

ಕಾಲ ಬದಲಾಯಿತು. 1984ರಲ್ಲಿ ನೇಪಲ್ಸಿನ ಬಾಣಸಿಗರು ಸಂಘ ಕಟ್ಟಿ ನಿಯಮಗಳನ್ನು ಬರೆದರು: ಹಿಟ್ಟು, ನೀರು, ಉಪ್ಪು, ಯೀಸ್ಟ್ ಇಷ್ಟೇ ಸೇರಬೇಕು, ಕಣಕವನ್ನು ಕೈಯಿಂದಲೇ ಹರಡಬೇಕು, ಸೌದೆಯ ಒಲೆಯಲ್ಲಿ ಸುಮಾರು 485 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 60ರಿಂದ 90 ಸೆಕೆಂಡುಗಳಲ್ಲಿ ಬೇಯಬೇಕು. 2017ರ ಡಿಸೆಂಬರಿನಲ್ಲಿ ಯುನೆಸ್ಕೊ ಈ ಕುಶಲಕಲೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಒಮ್ಮೆ ಹೇಸಿಗೆಯೆನಿಸಿಕೊಂಡದ್ದು ಲೋಕದ ಸೊತ್ತಾಯಿತು.

ಇನ್ನು ನಿಮ್ಮ ಮನೆಯ ಮಾತು. ಮುಂದಿನ ಭಾನುವಾರ ಪಿಜ್ಜಾ ತರಿಸುವ ಬದಲು ಎಲ್ಲರೂ ಕೂಡಿ ಮಾಡಿ ನೋಡಿರಿ. ಅರ್ಧ ಕಿಲೋ ಮೈದಾ, 300 ಮಿಲಿಲೀಟರ್ ನೀರು, 10 ಗ್ರಾಂ ಉಪ್ಪು, ಕಾಲು ಚಮಚ ಒಣ ಯೀಸ್ಟ್ ಇಷ್ಟು ಸಾಕು. ಬೆಳಿಗ್ಗೆ ಪೂಜೆಗೆ ಹೊರಡುವ ಮುನ್ನ ಹತ್ತು ನಿಮಿಷ ಚೆನ್ನಾಗಿ ನಾದಿರಿ. ನಾದಿದಂತೆ ಹಿಟ್ಟಿನಲ್ಲಿರುವ ಗ್ಲೂಟೆನ್ ಎಂಬ ಅಂಟು ಬಲೆಯಂತೆ ಹೆಣೆದುಕೊಳ್ಳುತ್ತದೆ. ಯೀಸ್ಟ್ ಉಸಿರಾಡಿ ಬಿಟ್ಟ ಅನಿಲ ಆ ಬಲೆಯಲ್ಲಿ ಸಿಕ್ಕಿ ಕಣಕ ಉಬ್ಬುತ್ತದೆ. ಮುಚ್ಚಿಟ್ಟು ಸಂಜೆಯವರೆಗೆ ಕಾಯಿರಿ. ಬಯಸಿದ್ದು ಕೂಡಲೇ ಸಿಗುವ ಕಾಲದಲ್ಲಿ ಬೆಳೆಯುತ್ತಿರುವ ಮಕ್ಕಳು ಆ ಪಾತ್ರೆಯನ್ನು ಮತ್ತೆ ಮತ್ತೆ ಇಣುಕಿ ನೋಡಲಿ. ಸಂಜೆ ನಾಲ್ಕು ಉಂಡೆ ಮಾಡಿ, ಅಜ್ಜಿಯೂ ಮೊಮ್ಮಗನೂ ಕೈಯಿಂದ ತಟ್ಟಲಿ. ಅಂಚು ವಕ್ರವಾದರೆ ಆಗಲಿ. ಹಿಂಡಿದ ಟೊಮ್ಯಾಟೊ, ಸ್ವಲ್ಪ ಚೀಸ್ ಹರಡಿ 250 ಡಿಗ್ರಿಗೆ ಕಾಯಿಸಿದ ಓವನ್‌ನಲ್ಲಿ ಎಂಟು-ಹತ್ತು ನಿಮಿಷ ಬೇಯಿಸಿರಿ. ಓವನ್ ಇಲ್ಲದವರು ದಪ್ಪ ಕಾವಲಿಯ ಮೇಲೆ ಒಂದು ಬದಿ ಬೇಯಿಸಿ, ಮಗುಚಿ, ಬೆಂದ ಬದಿಗೆ ಇವುಗಳನ್ನು ಹರಡಿ, ಮುಚ್ಚಳ ಮುಚ್ಚಿದರೂ ಆದೀತು.

ಕೊನೆಯದಾಗಿ ಒಂದು ಮಾತು. ಸೆರಾವೊ ಕಂಡ ಹುಡುಗ ಬೀದಿಯ ಮೂಲೆಯಿಂದ ಇನ್ನೂ ಹೋಗಿಲ್ಲ. ಇಂದು ಅವನು ಬೆನ್ನಿಗೆ ಚೀಲ ಹೊತ್ತು, ಮಳೆಯಲ್ಲಿ ನೆನೆದು, ನಿಮ್ಮ ಗೇಟಿನ ಬಳಿ ಬಿಸಿ ಪೆಟ್ಟಿಗೆ ಹಿಡಿದು ನಿಲ್ಲುತ್ತಾನೆ. ಅವನು ಉಂಡನೋ ಇಲ್ಲವೋ ನಾವು ಕೇಳುವುದಿಲ್ಲ. ಆದುದರಿಂದ ಮನೆಯಲ್ಲಿ ಎಷ್ಟು ಜನರಿದ್ದೀರೋ ಅದಕ್ಕಿಂತ ಒಂದು ಉಂಡೆ ಹೆಚ್ಚಿಗೆ ಮಾಡಿರಿ. ಅದು ಯಾರಿಗೆ ಎಂಬುದನ್ನು ಮಕ್ಕಳೇ ಹೇಳಲಿ: ಪಕ್ಕದ ಮನೆಯ ಒಂಟಿ ಅಜ್ಜನಿಗೋ, ಕಟ್ಟಡದ ಕಾವಲುಗಾರನಿಗೋ. ಹಣದ ಮಾತನ್ನು ಎಂಟನೆಯ ದಿನಕ್ಕೂ ಎತ್ತುವುದು ಬೇಡ.